‘ಗೆಟ್’ ಅಷ್ಟು ಅಗ್ಗದ ಮಾತೇ?

ಮಾನ್ಯ ಸಂಪಾದಕರೇ, ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಕಾಂ. ಮುಗಿಸಿ ಈಗ ಬ್ಯಾಂಕ್ ಪರೀಕ್ಷೆಯ ಕೋಚಿಂಗ್‌ಗೆ ಹೋಗುತ್ತಿದ್ದೇನೆ. ನನ್ನ ಇಂಗ್ಲಿಷ್ ಪ್ರಬಂಧದಲ್ಲಿ ‘ಗೆಟ್’ ಬಂದ ಕಡೆಯೆಲ್ಲ ಮೇಷ್ಟ್ರು ಕೆಂಪು ಗೀಟು ಎಳೆದು, ‘ಇದು ಹಳ್ಳಿ ಇಂಗ್ಲಿಷ್’ ಎಂದರು. ‘ಗೆಟ್’ಗೆ ಇರುವ ಅರ್ಥಗಳನ್ನೂ ಅದರ ಬದಲು ಬಳಸಬಹುದಾದ ಸಮಾನಾರ್ಥಕ ಪದಗಳ ಪಟ್ಟಿಯನ್ನೂ ದಯವಿಟ್ಟು ಪ್ರಕಟಿಸಿ. ಬಾಯಿಪಾಠ ಮಾಡಿಕೊಳ್ಳುತ್ತೇನೆ.
— ಓದುಗ, ಅರಸೀಕೆರೆ

ಸಂಪಾದಕರ ಉತ್ತರ:

ಪತ್ರದ ಜೊತೆ ನೀವು ಕಳಿಸಿದ ಪ್ರಬಂಧದ ಹಾಳೆಯನ್ನೂ ಓದಿದೆ. ‘ಐ ಗಾಟ್ ಅಪ್ ಅರ್ಲಿ, ಗಾಟ್ ದಿ ಬಸ್ ಅಂಡ್ ಗಾಟ್ ವೆಟ್ ಆನ್ ದಿ ವೇ’ ಎಂದು ನೀವು ಬರೆದಿದ್ದು, ಕೆಂಪು ಶಾಯಿ ಬಿದ್ದ ಮೇಲೆ ‘ಐ ಅರೋಸ್ ಅರ್ಲಿ, ಅಬ್ಟೇನ್ಡ್ ದಿ ಬಸ್ ಅಂಡ್ ಬಿಕೇಮ್ ವೆಟ್’ ಎಂದಾಗಿದೆ. ಒಂದೇ ವಾಕ್ಯದಲ್ಲಿ ಒಂದೇ ಕ್ರಿಯಾಪದ ಮೂರು ಸಲ ಬಂದರೆ ಕಿವಿಗೆ ಹಿತವಲ್ಲ, ನಿಜ. ಬ್ಯಾಂಕಿಗೆ ಬರೆಯುವ ಪತ್ರದಲ್ಲಿ ‘ರಿಸೀವ್ಡ್’ ಒಪ್ಪುತ್ತದೆ, ಅದೂ ನಿಜ. ನಿಮ್ಮ ಮೇಷ್ಟ್ರ ಪರವಾಗಿ ನಾನು ಹೇಳಬಹುದಾದದ್ದು ಇಷ್ಟೆ. ಬಸ್ಸನ್ನು ‘ಅಬ್ಟೇನ್’ ಮಾಡುವ ಇಂಗ್ಲಿಷ್ ಎಲ್ಲೂ ಇಲ್ಲ. ಕೇಳಿ, ಓಡಾಡಿ, ಪ್ರಯತ್ನಪಟ್ಟು ಪಡೆಯುವಂಥದ್ದಕ್ಕೆ ಆ ಪದ: ಪರವಾನಗಿ, ಅನುಮತಿ, ಅಂಕಪಟ್ಟಿಯ ನಕಲು. ಬಸ್ಸಿಗೆ ‘ಕಾಟ್’ ಎಂದು ತಿದ್ದಿದ್ದರೆ ಸಾಕಿತ್ತು. ‘ಗಾಟ್ ಅಪ್’, ‘ಗಾಟ್ ವೆಟ್’ ಎರಡೂ ಇದ್ದ ಹಾಗೇ ಚೆನ್ನಾಗಿದ್ದವು. ಬೆಳಿಗ್ಗೆ ಹಾಸಿಗೆ ಬಿಟ್ಟೆದ್ದದ್ದನ್ನು ಹೇಳಲು ಇಂದಿನ ಇಂಗ್ಲಿಷರು ‘ಅರೋಸ್’ ಎನ್ನುವುದಿಲ್ಲ. ಅದು ಹಳೆಯ ಕಾವ್ಯದ, ಪ್ರಾರ್ಥನೆಯ ಮಾತು.

‘ಹಳ್ಳಿ ಇಂಗ್ಲಿಷ್’ ಎಂಬ ಬೈಗುಳ ಮಾತ್ರ ನನ್ನ ಮನಸ್ಸಿಗೆ ಬಹಳ ನಾಟಿತು. ‘ಗೆಟ್’ ಹಳ್ಳಿಯಿಂದಲೇ ಬಂದಿದೆ. ಎಂಟನೆಯ ಶತಮಾನದ ಕೊನೆಯಿಂದ ಡೆನ್ಮಾರ್ಕ್, ನಾರ್ವೆ ಕಡೆಯ ಜನ ಇಂಗ್ಲೆಂಡಿನ ಉತ್ತರಕ್ಕೂ ಪೂರ್ವಕ್ಕೂ ಬಂದು, ಮೊದಲು ಲೂಟಿ ಮಾಡಿ, ಆಮೇಲೆ ಜಮೀನು ಹಿಡಿದು ಒಕ್ಕಲಾದರು. ಅವರ ನುಡಿಯ ‘ಗೆತ’ ಇಂಗ್ಲಿಷಿನಲ್ಲಿ ‘ಗೆಟ್’ ಆಯಿತು. ಎಗ್, ನೈಫ್, ಸ್ಕೈ, ವಿಂಡೋ, ಕೊನೆಗೆ ‘ದೇ’, ‘ದೆಮ್’ ಎಂಬ ಸರ್ವನಾಮಗಳು ಕೂಡ ಅವರೇ ಕೊಟ್ಟವು. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಗೆದ್ದ ಮೇಲೆ ಆಸ್ಥಾನಕ್ಕೂ ನ್ಯಾಯಾಲಯಕ್ಕೂ ಫ್ರೆಂಚ್ ಬಂತು. ವಿದ್ವಾಂಸರು ಲ್ಯಾಟಿನ್ ಸೇರಿಸಿದರು. ಹೀಗಾಗಿ ಇಂಗ್ಲಿಷಿನಲ್ಲಿ ಒಂದೇ ಕೆಲಸಕ್ಕೆ ಎರಡು ಮೂರು ಪದರಗಳಲ್ಲಿ ಮಾತುಗಳಿವೆ. ಮನೆಯಲ್ಲಿ ‘ಆಸ್ಕ್’, ಸಭೆಯಲ್ಲಿ ‘ಕ್ವೆಶ್ಚನ್’, ಪೊಲೀಸ್ ಠಾಣೆಯಲ್ಲಿ ‘ಇಂಟರಾಗೇಟ್’. ಮೂರೂ ಕೇಳುವುದೇ, ಆದರೆ ಮಗುವನ್ನು ‘ಊಟ ಆಯ್ತಾ’ ಎಂದು ಇಂಟರಾಗೇಟ್ ಮಾಡುವವರುಂಟೇ? ‘ಗೆಟ್’ ಒಕ್ಕಲು ಮನೆಯ ಪದರಕ್ಕೆ ಸೇರಿದ್ದು. ರಿಸೀವ್, ಅಬ್ಟೇನ್, ಅಕ್ವೈರ್, ಪ್ರಕ್ಯೂರ್ ಇವೆಲ್ಲ ಮೇಲಿನ ಮಹಡಿಯವು.

ಅರ್ಥಗಳನ್ನು ಕೇಳಿದ್ದೀರಿ. ಅವನ್ನು ಅಂಕಿ ಹಾಕಿ ಬರೆದರೆ ಪ್ರಯೋಜನವಿಲ್ಲ. ನೀವು ಮನೆಯಲ್ಲಿ ಆಡುವ ಕನ್ನಡದ ಪಕ್ಕದಲ್ಲಿಟ್ಟು ನೋಡಿ. ‘ಐ ಗಾಟ್ ದಿ ಲೆಟರ್’ ಎಂದರೆ ಕಾಗದ ಬಂತು. ‘ಐ ಗಾಟ್ ಎ ಫೀವರ್’, ಜ್ವರ ಬಂತು. ‘ಗೆಟ್ ದಿ ಡಾಕ್ಟರ್’, ಡಾಕ್ಟರನ್ನು ಕರ್ಕೊಂಡು ಬಾ. ‘ಐ ಗೆಟ್ ಇಟ್’, ತಿಳೀತು. ‘ಗೆಟ್ ದಿ ರೂಫ್ ರಿಪೇರ್ಡ್’ ಎಂಬಲ್ಲಿ ನಮ್ಮ ‘ಮಾಡಿಸು’ ಕುಳಿತಿದೆ, ‘ಗಾಟ್ ಹೋಮ್’ ಎಂಬಲ್ಲಿ ‘ಮನೆ ಸೇರಿದೆ’. ಈ ಜಾಗಗಳಲ್ಲೆಲ್ಲ ‘ಅಬ್ಟೇನ್’ ತುರುಕಿ ನೋಡಿ, ಒಂದು ವಾಕ್ಯವೂ ಉಳಿಯುವುದಿಲ್ಲ.

ನಮ್ಮಲ್ಲೂ ಇದೇ ಪದರಗಳಿವೆ. ಸಿಕ್ಕಿತು, ದೊರಕಿತು, ಲಭಿಸಿತು, ಪ್ರಾಪ್ತವಾಯಿತು. ಕೆಲಸ ಸಿಗುತ್ತದೆ, ಸೀಟು ಸಿಗುತ್ತದೆ, ಕಳೆದುಹೋದ ಮೇಕೆಮರಿ ಸಿಗುತ್ತದೆ. ಮೋಕ್ಷ ಪ್ರಾಪ್ತವಾಗುತ್ತದೆ. ‘ಮೇಕೆಮರಿ ಪ್ರಾಪ್ತವಾಯಿತು’ ಎಂದು ಬರೆದ ಹುಡುಗನನ್ನು ಯಾವ ಕನ್ನಡ ಮೇಷ್ಟ್ರೂ ಬೆನ್ನು ತಟ್ಟುವುದಿಲ್ಲ. ಕನ್ನಡದಲ್ಲಿ ಇಷ್ಟು ಚೆನ್ನಾಗಿ ತಿಳಿದಿರುವ ವಿವೇಕವನ್ನು ಇಂಗ್ಲಿಷ್ ತರಗತಿಯ ಹೊಸ್ತಿಲಲ್ಲಿ ನಾವೇಕೆ ಬಿಟ್ಟು ಹೋಗುತ್ತೇವೆ?

ಪಟ್ಟಿಯ ವಿಷಯ. ಇಂಗ್ಲಿಷಿನ ಪ್ರಸಿದ್ಧ ಸಮಾನಾರ್ಥಕ ಕೋಶವನ್ನು ಮಾಡಿದ ಪೀಟರ್ ಮಾರ್ಕ್ ರೋಜೆ ವೃತ್ತಿಯಿಂದ ವೈದ್ಯರು. 1805ರಲ್ಲೇ ಸ್ವಂತ ಬಳಕೆಗೆಂದು ಪದಗಳನ್ನು ಗುಂಪು ಮಾಡಿಕೊಂಡಿದ್ದರು. ಅಚ್ಚಾದದ್ದು 1852ರಲ್ಲಿ, ಅವರಿಗೆ 73 ವರ್ಷವಾಗಿದ್ದಾಗ. ಪದಗಳನ್ನು ಅವರು ಜೋಡಿಸಿದ್ದು ಅಕಾರಾದಿಯಲ್ಲಲ್ಲ, ಅರ್ಥದ ವರ್ಗಗಳಲ್ಲಿ. ಮುನ್ನುಡಿಯಲ್ಲಿ ತಮಗಿಂತ ಹಿಂದೆ ಇಂಥ ಕೆಲಸ ಮಾಡಿದವರನ್ನು ನೆನೆಯುತ್ತ ಅವರು ಎಲ್ಲಕ್ಕಿಂತ ಮೊದಲು ಹೆಸರಿಸುವುದು ಯಾವುದನ್ನು ಗೊತ್ತೇ? ಅಮರಸಿಂಹನ ಸಂಸ್ಕೃತ ಪದಕೋಶವಾದ ಅಮರಕೋಶವನ್ನು. ಸಂಸ್ಕೃತ ವಿದ್ವಾಂಸ ಕೋಲ್‌ಬ್ರೂಕ್ ಮಾಡಿದ ಅದರ ಇಂಗ್ಲಿಷ್ ಆವೃತ್ತಿ 1808ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಅಚ್ಚಾಗಿತ್ತು. ನನಗೆ ಇದು ದೊಡ್ಡ ಸಂತೋಷದ ಸಂಗತಿ. ಇಂಥ ಕೋಶದಿಂದ ನಿಜವಾದ ಉಪಯೋಗ ಆಗುವುದು ಪದ ಗೊತ್ತಿದ್ದು ನೆನಪಿಗೆ ಬಾರದವನಿಗೆ. ನಾಲಿಗೆಯ ತುದಿಯಲ್ಲಿರುವುದನ್ನು ಅದು ಎತ್ತಿಕೊಡುತ್ತದೆ. ಗೊತ್ತಿಲ್ಲದ ಪದವನ್ನು ಅದರಿಂದ ಕಿತ್ತು ವಾಕ್ಯಕ್ಕೆ ಅಂಟಿಸಿದರೆ ಬಸ್ಸು ‘ಅಬ್ಟೇನ್’ ಆಗುತ್ತದೆ.

ನಮ್ಮ ಪತ್ರಿಕೆಗೆ ಉಪಸಂಪಾದಕರು ಬೇಕೆಂದು ಪ್ರಕಟಣೆ ಕೊಟ್ಟಾಗ ಬಂದ ಒಂದು ಅರ್ಜಿ ನೆನಪಾಗುತ್ತದೆ. ‘ಐ ಪ್ರಕ್ಯೂರ್ಡ್ ಫಸ್ಟ್ ಕ್ಲಾಸ್’ ಎಂದು ಬರೆದಿತ್ತು. ‘ಪ್ರಕ್ಯೂರ್’ ಎಂದರೆ ಹೇಗಾದರೂ ಮಾಡಿ ಹೊಂದಿಸಿಕೊಳ್ಳುವುದು, ತರಿಸಿಕೊಳ್ಳುವುದು. ಸರ್ಕಾರ ರೈತರಿಂದ ಭತ್ತ ಖರೀದಿಸುವುದಕ್ಕೂ ಅದೇ ಪದ. ಕಷ್ಟಪಟ್ಟು ಓದಿ ಮೊದಲ ದರ್ಜೆ ತೆಗೆದುಕೊಂಡ ಹುಡುಗಿ, ಅದನ್ನು ಯಾರಿಂದಲೋ ತರಿಸಿಕೊಂಡಂತೆ ತಾನೇ ಬರೆದುಕೊಂಡಿದ್ದಳು. ಯಾವುದೋ ಗೈಡಿನಲ್ಲಿ ‘ಗೆಟ್’ ಎದುರು ಆ ಪದವಿತ್ತು, ಪಾಪ, ನಂಬಿದ್ದಳು.

ಭಾಷಾವಿಜ್ಞಾನಿ ಜೆ.ಆರ್. ಫರ್ತ್ 1957ರಲ್ಲಿ, ಪದವನ್ನು ಅದರ ಸಹವಾಸದಿಂದ ತಿಳಿಯಬೇಕು ಎಂದರು. ಅವರು ಲಾಹೋರಿನಲ್ಲಿ ಇಂಗ್ಲಿಷ್ ಪಾಠ ಹೇಳಿದವರು. ಢಾಕಾದಲ್ಲಿ ಬಂಗಾಳಿ ಮಕ್ಕಳ ಓದನ್ನು ಗಮನಿಸಿದ ಶಿಕ್ಷಣತಜ್ಞ ಮೈಕೆಲ್ ವೆಸ್ಟ್ 1935ರಲ್ಲಿ ಒಂದು ನಿಘಂಟು ಮಾಡಿದರು. ಸುಮಾರು 24,000 ನಮೂದುಗಳನ್ನು ಕೇವಲ 1,490 ಸುಲಭ ಪದಗಳಲ್ಲಿ ವಿವರಿಸಿದರು. ಕಲಿಯುವವನಿಗೆ ಬೇಕಾದದ್ದು ಸರಳ ಪದಗಳ ಮೇಲಿನ ಹಿಡಿತ ಎಂಬ ತಿಳಿವು ಈ ಉಪಖಂಡದ ತರಗತಿಗಳಲ್ಲೇ ಬೆಳೆಯಿತು. 1948ರಲ್ಲಿ ಬ್ರಿಟಿಷ್ ಖಜಾನೆ ಇಲಾಖೆಯೇ ತನ್ನ ಗುಮಾಸ್ತರಿಗೆ ಸರಳವಾಗಿ ಬರೆಯುವುದನ್ನು ಹೇಳಿಕೊಡಲು ಹಿರಿಯ ಅಧಿಕಾರಿ ಅರ್ನೆಸ್ಟ್ ಗವರ್ಸ್ ಅವರಿಂದ ಪುಸ್ತಕ ಬರೆಸಿತು. ಬ್ರಿಟಿಷರೇ ಕೈಬಿಟ್ಟ ಡಾಂಭಿಕ ಇಂಗ್ಲಿಷನ್ನು ನಮ್ಮ ಕೋಚಿಂಗ್ ಸೆಂಟರುಗಳು ಇಂದಿಗೂ ಫೀಸು ತೆಗೆದುಕೊಂಡು ಮಾರುತ್ತಿವೆ.

ಈ ರೋಗ ಇಂಗ್ಲಿಷಿಗೆ ಮಾತ್ರ ಹತ್ತಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನಮ್ಮ ಬೀದಿಯ ಅಜ್ಜಿಯೊಬ್ಬರು ಪಿಂಚಣಿ ಕಾಗದ ತಂದು ಓದಿಸಿಕೊಂಡರು. ‘ಸದರಿ ಫಲಾನುಭವಿಯ ಜೀವಿತ ಪ್ರಮಾಣಪತ್ರವು ಸ್ವೀಕೃತವಾಗದೇ ಇರುವ ಪ್ರಯುಕ್ತ ಪಾವತಿಯನ್ನು ಸ್ಥಗಿತಗೊಳಿಸಲಾಗಿರುತ್ತದೆ.’ ‘ನೀವು ಬದುಕಿದ್ದೀರಿ ಅನ್ನೋ ಕಾಗದ ಅವರಿಗೆ ಸಿಕ್ಕಿಲ್ಲವಂತೆ ಅಜ್ಜಿ, ಅದಕ್ಕೆ ದುಡ್ಡು ನಿಲ್ಲಿಸಿದ್ದಾರೆ’ ಎಂದೆ. ‘ಹಂಗಂತ್ಲೇ ಬರೆಯಾಕೆ ಅವ್ರಿಗೇನು ಬ್ಯಾನೆ?’ ಎಂದರು. ಅಜ್ಜಿಗೆ ಆಗಲೇ ಮೂರು ತಿಂಗಳ ದುಡ್ಡು ಬಂದಿರಲಿಲ್ಲ. ‘ಸಿಕ್ಕಿಲ್ಲ’ ಎನ್ನಲು ನಾಚಿಕೆಪಡುವ ಗುಮಾಸ್ತರನ್ನು ತಯಾರು ಮಾಡುತ್ತಿರುವುದು ‘ಗೆಟ್’ ಎನ್ನಲು ನಾಚಿಕೆಪಡಿಸುವ ತರಗತಿಗಳೇ ಎಂದು ನಾನು ನಂಬಿದ್ದೇನೆ. ನಾಳೆ ನೀವೂ ಬ್ಯಾಂಕಿನ ಕೌಂಟರಿನ ಒಳಗೆ ಕೂರುತ್ತೀರಿ; ಇಂಥ ಅಜ್ಜಿಯರು ನಿಮ್ಮೆದುರಿಗೂ ಬಂದು ನಿಲ್ಲುತ್ತಾರೆ.

ಪಟ್ಟಿಯನ್ನು ಪ್ರಕಟಿಸುವುದಿಲ್ಲ, ಬೇಸರಪಡಬೇಡಿ. ಬಾಯಿಪಾಠದ ಆಸೆಯನ್ನೂ ದಯವಿಟ್ಟು ಬಿಡಿ. ಕಲಿಯುವವರಿಗೆಂದೇ ಮಾಡಿದ ಒಳ್ಳೆಯ ಇಂಗ್ಲಿಷ್ ನಿಘಂಟು ಗ್ರಂಥಾಲಯದಲ್ಲಿ ಸಿಗುತ್ತದೆ. ಅದರಲ್ಲಿ ‘ಗೆಟ್’ ಪುಟ ತೆಗೆದು, ಅರ್ಥಗಳನ್ನು ಬಿಟ್ಟು ಉದಾಹರಣೆಯ ವಾಕ್ಯಗಳನ್ನಷ್ಟೇ ಓದಿ. ಪ್ರತಿಯೊಂದರ ಪಕ್ಕ ನಿಮ್ಮ ತಾಯಿ ಅದನ್ನೇ ಹೇಗೆ ಹೇಳುತ್ತಿದ್ದರೋ ಹಾಗೆ ಅರಸೀಕೆರೆಯ ಕನ್ನಡದಲ್ಲಿ ಬರೆದು ನಮಗೆ ಕಳಿಸಿ. ಅದನ್ನು ಖಂಡಿತ ಅಚ್ಚು ಹಾಕುತ್ತೇವೆ.