ಮಡಿಕೆಯಲ್ಲೇ ಹರಿದ ಸೀರೆ

ಈ ಪ್ರಕರಣವನ್ನು ಬರೆಯಬೇಕೆಂದು ಎರಡು ವರ್ಷಗಳಿಂದ ಅಂದುಕೊಳ್ಳುತ್ತಿದ್ದರೂ, ನಾನು ಕೊಟ್ಟ ಸಲಹೆಯೇ ಇದರಲ್ಲಿ ಒಬ್ಬರ ನೋವಿಗೆ ಕಾರಣವಾದದ್ದರಿಂದ ಕೈ ಹಿಂಜರಿಯುತ್ತಿತ್ತು. ಈಗ ಬರೆಯಲು ಕಾರಣವಿದೆ. ಒಳ್ಳೆಯ ವಸ್ತುಗಳನ್ನು ಬಳಸದೆ ಎತ್ತಿಡುವ ಹಿರಿಯರ ಬಗ್ಗೆ ಮನಸ್ತಾಪ ಹೊತ್ತು ನನ್ನ ಬಳಿ ಆಪ್ತಸಲಹೆಗೆ ಬರುವ ಕುಟುಂಬಗಳು ಹೆಚ್ಚುತ್ತಿವೆ, ಮತ್ತು ಹಿರಿಯರನ್ನು ತಿದ್ದಲು ಹೊರಟ ಮಕ್ಕಳು ನಾನು ಮಾಡಿದ ತಪ್ಪನ್ನೇ ಮಾಡುತ್ತಿದ್ದಾರೆ. ಸಂಬಂಧಪಟ್ಟ ಮಹಿಳೆಯ ಒಪ್ಪಿಗೆ ಪಡೆದು, ಗುರುತು ಹತ್ತುವಂತಹ ವಿವರಗಳನ್ನು ಬದಲಿಸಿದ್ದೇನೆ.

ಅವರಿಗೆ ಆಗ 64 ವರ್ಷ. ಹಳೇ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿದವರು. ಪತಿ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು, ತೀರಿಕೊಂಡು ಮೂರು ವರ್ಷವಾಗಿತ್ತು. ಮಗ ಸೊಸೆಯ ಜೊತೆಗಿದ್ದರು. ಕರೆತಂದವರು ಮಗ. ಬೀರುವಿನಲ್ಲಿ ಹನ್ನೆರಡು ಹೊಸ ಟವೆಲ್‌ಗಳಿದ್ದರೂ ಅಮ್ಮ ನೂಲು ಬಿಟ್ಟ ಹಳೆಯ ಟವೆಲಿನಲ್ಲೇ ಮೈ ಒರೆಸಿಕೊಳ್ಳುತ್ತಾರೆ, ಬೆನ್ನುನೋವಿಗೆಂದು ತಂದ ಹಾಸಿಗೆಯ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆಯಲು ಬಿಟ್ಟಿಲ್ಲ, ಷೋಕೇಸಿನ ಕಪ್ಪುಗಳಲ್ಲಿ ಸೊಸೆ ತನ್ನ ಗೆಳತಿಯರಿಗೆ ಕಾಫಿ ಕೊಟ್ಟದ್ದಕ್ಕೆ ಎರಡು ದಿನ ಮಾತು ಬಿಟ್ಟರು ಎಂಬುದು ಅವರ ದೂರು. ಕೊನೆಗೆ ಅವರು ತಗ್ಗಿದ ದನಿಯಲ್ಲಿ ಹೇಳಿದ ಮಾತು ಮಾತ್ರ ದೂರಾಗಿರಲಿಲ್ಲ: "ನಾವು ಪ್ರೀತಿಯಿಂದ ತಂದುಕೊಟ್ಟದ್ದನ್ನೆಲ್ಲ ಅಮ್ಮ ಒಳಗಿಟ್ಟುಬಿಡುತ್ತಾರೆ ಮೇಡಂ, ನಮ್ಮದು ಯಾವುದೂ ಅವರಿಗೆ ತಲುಪುವುದೇ ಇಲ್ಲ."

ಇಂಟರ್ನೆಟ್ಟಿನಲ್ಲಿ ಓದಿಕೊಂಡು ಬಂದಿದ್ದ ಆ ಮಗ, ಇದು ವಸ್ತುಗಳನ್ನು ಗುಡ್ಡೆಹಾಕಿಕೊಳ್ಳುವ ಕಾಯಿಲೆಯಿರಬಹುದೇ ಎಂದು ಕೇಳಿದರು. ಅಂಥದೊಂದು ತೊಂದರೆ ಇರುವುದು ನಿಜ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ತನ್ನ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ ಅದಕ್ಕೆ ಪ್ರತ್ಯೇಕ ಹೆಸರನ್ನೂ ಕೊಟ್ಟಿದೆ. ಆದರೆ ಆ ತೊಂದರೆಯಿರುವವರಿಗೆ ಹಳೆಯ ಪತ್ರಿಕೆಯನ್ನೋ ಖಾಲಿ ಡಬ್ಬಿಯನ್ನೋ ಬಿಟ್ಟುಕೊಡುವುದೂ ಸಂಕಟವಾಗುತ್ತದೆ, ಮನೆಯಲ್ಲಿ ಓಡಾಡಲು ಜಾಗವಿಲ್ಲದಂತಾಗುತ್ತದೆ. ಈ ಅಮ್ಮನ ಕೋಣೆ ಕನ್ನಡಿಯಂತಿತ್ತು, ಬೇಡಿ ಬಂದವರಿಗೆ ಕೊಟ್ಟು ಕಳಿಸುವ ಕೈಯೂ ಅವರದಾಗಿತ್ತು. ಅವರಿಗೆ ಕಷ್ಟವಾಗುತ್ತಿದ್ದುದು ಒಳ್ಳೆಯ ವಸ್ತುವನ್ನು ತಾವೇ ಬಳಸುವುದು. ಹೆತ್ತವರ ಅಭ್ಯಾಸಗಳಿಗೆಲ್ಲ ರೋಗದ ಹೆಸರು ಹುಡುಕುವ ಈಚಿನ ಆತುರವನ್ನು ನಾನು ಒಪ್ಪುವುದಿಲ್ಲವೆಂದು ಮಗನಿಗೆ ಅಂದೇ ಹೇಳಿದೆ.

ಮೊದಲ ಎರಡು ಭೇಟಿಗಳಲ್ಲಿ ಆ ಅಮ್ಮ ಹೆಚ್ಚಾಗಿ ತಮ್ಮ ತಾಯಿಯ ವಿಷಯ ಮಾತನಾಡಿದರು. ತಾಯಿಗೆ ಇದ್ದದ್ದು ಎರಡೇ ಸೀರೆ, ಒಂದು ಮೈಮೇಲೆ, ಒಂದು ಹಗ್ಗದ ಮೇಲೆ. ಮೂರನೆಯದೊಂದು ಬಂದಾಗ ಅದು ನೇರವಾಗಿ ಟ್ರಂಕಿಗೆ ಹೋಯಿತು, "ಒಳ್ಳೇದಕ್ಕೆ ಇರಲಿ" ಎಂಬ ಮಾತಿನೊಂದಿಗೆ. ಆ ಮನೆಯಲ್ಲಿ ಎತ್ತಿಡುವುದು ಜಿಪುಣತನವಾಗಿರಲಿಲ್ಲ, ಮರ್ಯಾದೆಯಾಗಿತ್ತು. ನೆಂಟರು ಬಂದಾಗ, ಮದುವೆ ಮುಂಜಿಗೆ ಹೋಗುವಾಗ ನಾಲ್ಕು ಜನರ ಎದುರು ತಲೆಯೆತ್ತಿ ನಿಲ್ಲುವುದಕ್ಕೆ ಇದ್ದ ಒಂದೇ ದಾರಿಯಾಗಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಕಲಿತು ಬೆಳೆದವರು, ಹಾಸಿಗೆ ಉದ್ದವಾದ ಮೇಲೂ ಕಾಲು ಮಡಚಿಕೊಂಡೇ ಮಲಗುತ್ತಾರೆ. ಕಾಲು ಚಾಚಿ ಎಂದು ಪಕ್ಕದವರು ಕೂಗಿದ ಮಾತ್ರಕ್ಕೆ ಮಂಡಿ ಸಡಿಲವಾಗುವುದಿಲ್ಲ.

ಮೂರನೆಯ ಭೇಟಿಯಲ್ಲಿ, ಎತ್ತಿಟ್ಟ ವಸ್ತುಗಳಲ್ಲಿ ಯಾವುದನ್ನು ಬಳಸಬೇಕೆಂದು ಅವರಿಗೇ ಆಸೆಯಿದೆ ಎಂದು ಕೇಳಿದೆ. ಅವರು ಯೋಚಿಸಲೂ ಇಲ್ಲ, "ನೇರಳೆ ಧರ್ಮಾವರಂ ಸೀರೆ" ಎಂದರು. 1992ರಲ್ಲಿ ಪತಿ ತಮಗೆ ಬಂದ ಹಿಂಬಾಕಿಯ ಹಣದಲ್ಲಿ ತಂದದ್ದು. ಒಡಲು ನೇರಳೆ, ಅಂಚು ಅರಿಶಿನ, ಸೆರಗಿನ ತುಂಬ ಜರಿ. ಒಂದು ಸಲವೂ ಉಟ್ಟಿರಲಿಲ್ಲ. ತಂಗಿಯ ಮದುವೆಯಲ್ಲಿ ಅಡುಗೆಮನೆಯ ಓಡಾಟವಿತ್ತು, ಗೃಹಪ್ರವೇಶದಲ್ಲಿ ಹೋಮದ ಹೊಗೆಯಿತ್ತು, ಮಗನ ಮದುವೆಯಲ್ಲಿ ಬೀಗರು ಕೊಟ್ಟದ್ದನ್ನೇ ಉಡಬೇಕಾಯಿತು, ಪತಿಯ ಅರವತ್ತರ ಶಾಂತಿಗೆ ಉಡುವುದೆಂದು ತೆಗೆದಿಟ್ಟಾಗ ಅವರು ಆಸ್ಪತ್ರೆ ಸೇರಿದರು. ಈಗ ಉಟ್ಟರೆ ಜನ ಏನಂದುಕೊಳ್ಳುತ್ತಾರೋ ಎಂಬ ಅಳುಕು. ಗಂಡನಿಲ್ಲದವಳು ರೇಷ್ಮೆ ಉಡಬಾರದೆಂಬ ಜನರ ಮಾತಿಗೆ ನಾನು ಯಾವ ಬೆಲೆಯನ್ನೂ ಕೊಡುವುದಿಲ್ಲವೆಂದು ಹೇಳಿ, ಬರುವ ಶುಕ್ರವಾರ ಆ ಸೀರೆಯನ್ನು ಉಟ್ಟುಕೊಳ್ಳಿ, ದೇವಸ್ಥಾನಕ್ಕೆ ಹೋಗದಿದ್ದರೂ ಸರಿ, ಮನೆಯಲ್ಲೇ ಉಟ್ಟು ಕುಳಿತುಕೊಳ್ಳಿ ಎಂದು ಸಲಹೆ ಕೊಟ್ಟೆ. ಒಳ್ಳೆಯ ಸಲಹೆಯೆಂದೇ ನಂಬಿದ್ದೆ.

ಮುಂದಿನ ಸೋಮವಾರ ಅವರು ಮಗನನ್ನು ಹೊರಗೇ ಕೂರಿಸಿ ಒಬ್ಬರೇ ಒಳಬಂದರು. ಬಟ್ಟೆಯ ಚೀಲದಿಂದ ಸೀರೆಯನ್ನು ತೆಗೆದು ಮೇಜಿನ ಮೇಲಿಟ್ಟು, ಬಿಡಿಸಿ ನೋಡಿ ಎಂದು ಕೈಸನ್ನೆ ಮಾಡಿದರು. ನುಸಿಗುಳಿಗೆಯ ವಾಸನೆ ಕೋಣೆಯನ್ನೆಲ್ಲ ತುಂಬಿತು. ಮೊದಲ ಮಡಿಕೆ ಬಿಡಿಸಿದಾಗಲೇ ನನಗೆ ಗೊತ್ತಾಯಿತು. ಮಡಿಕೆಯ ಗೆರೆ ಹಿಡಿದು, ಬ್ಲೇಡಿನಲ್ಲಿ ಕೊಯ್ದಂತೆ, ಬಟ್ಟೆ ಉದ್ದಕ್ಕೂ ಸೀಳಿತ್ತು. ಎರಡನೆಯ ಮಡಿಕೆಯಲ್ಲೂ ಹಾಗೆಯೇ, ಮೂರನೆಯದರಲ್ಲೂ ಹಾಗೆಯೇ. ಜರಿ ಅಲ್ಲಲ್ಲಿ ಕಪ್ಪಾಗಿತ್ತು. ಗುರುವಾರ ರಾತ್ರಿ ಮಂಚದ ಮೇಲಿಟ್ಟು ಬಿಡಿಸುವಾಗ ಪರ್ ಎಂದು ಸದ್ದಾಯಿತಂತೆ. ಅಲ್ಲಿಗೇ ನಿಲ್ಲಿಸದೆ ಕೊನೆಯ ಮಡಿಕೆಯವರೆಗೂ ಬಿಡಿಸಿ ನೋಡಿ, ಮತ್ತೆ ಮೊದಲಿದ್ದಂತೆಯೇ ಮಡಚಿಟ್ಟು ಮಲಗಿದರಂತೆ.

ರೇಷ್ಮೆಯ ವಿಷಯದಲ್ಲಿ ಇದು ಆಕಸ್ಮಿಕವಲ್ಲವೆಂದು ನಾನು ಆಮೇಲೆ ಕೇಳಿ ತಿಳಿದುಕೊಂಡೆ. ರೇಷ್ಮೆಯ ಎಳೆ ಕೂದಲಿನಂತೆಯೇ ಪ್ರೋಟೀನಿನಿಂದಾದದ್ದು. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಚಿಟ್ಟರೆ ಆ ಗೆರೆಯಲ್ಲಿ ಎಳೆಗಳು ಬಳಲಿ ಮುರಿಯುತ್ತವೆ. ಜರಿಯಲ್ಲಿರುವ ಬೆಳ್ಳಿ ಗಾಳಿಯಲ್ಲಿನ ಗಂಧಕದ ಅಂಶ ತಾಗಿ ಕಪ್ಪಾಗುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಬಿಡಿಸಿ, ನೆರಳಿನಲ್ಲಿ ಗಾಳಿಗಿಟ್ಟು, ಮಡಿಕೆ ಬದಲಿಸಿ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಬೇಕೆಂದು ಬಲ್ಲವರು ಹೇಳುವುದು ಇದಕ್ಕೇ. ಆಗೀಗ ಉಟ್ಟು ಬಿಚ್ಚುವ ಸೀರೆಗೆ ಈ ಆರೈಕೆ ತಾನಾಗಿಯೇ ಸಿಗುತ್ತದೆ.

ಅಂದು ನಾನು ಮೊದಲು ಕ್ಷಮೆ ಕೇಳಿದೆ. ಉಡಿ ಎಂದು ಹೇಳುವ ಮುನ್ನ ಬಿಡಿಸಿ ನೋಡಿದ್ದೀರಾ ಎಂದು ಕೇಳಬೇಕಿತ್ತು, ಅಷ್ಟು ದೊಡ್ಡ ಹೆಜ್ಜೆಯನ್ನು ಮೊದಲೇ ಇಡಿಸಬಾರದಿತ್ತು ಎಂದೆ. ಅವರು ತಲೆಯಾಡಿಸಿದರು.

"ಉಟ್ಟೂ ಉಟ್ಟೂ ಹರಿದಿದ್ರೆ ನಂಗೆ ಇಷ್ಟು ಬೇಜಾರಾಗ್ತಿರಲಿಲ್ಲ ಮೇಡಂ. ಇದು ಇಟ್ಟ ಜಾಗದಲ್ಲೇ ಹರಿದಿದೆ. ನಾನು ಇಷ್ಟು ವರ್ಷ ಕಾಯ್ತಾ ಇದ್ದದ್ದು ಹರಿದ ಸೀರೇನ."

ನಾನು ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ ಮುಂದುವರಿಸಿದರು: "ನಮ್ಮ ಯಜಮಾನ್ರು ಮೊದಮೊದಲು ಹಬ್ಬ ಬಂದಾಗೆಲ್ಲ ಕೇಳೋರು, ‘ಆ ಸೀರೆ ಉಟ್ಕೋ, ನೋಡೋಣ’ ಅಂತ. ಆಮೇಲೆ ಕೇಳೋದು ಬಿಟ್ರು. ಯಾವ ಹಬ್ಬಕ್ಕೆ ಬಿಟ್ರು ಅಂತ ನಾಲ್ಕು ದಿನದಿಂದ ಯೋಚನೆ ಮಾಡ್ತಾ ಇದ್ದೀನಿ. ನೆನಪಾಗ್ತಾನೇ ಇಲ್ಲ."

ಹೋಗಲಿ ಬಿಡಿ, ಸೀರೆ ತಾನೆ ಎನ್ನುವುದು ಇಂತಹ ಹೊತ್ತಿನಲ್ಲಿ ಎಲ್ಲರ ಬಾಯಿಗೂ ಬರುವ ಮಾತು, ಮತ್ತು ಹೇಳಲೇಬಾರದ ಮಾತು. ಅದು ಬರೀ ಸೀರೆಯಾಗಿದ್ದರೆ ಅವರು ಮೂವತ್ತು ವರ್ಷ ಅದನ್ನು ಕಾಯುತ್ತಿರಲಿಲ್ಲ. ನಾನು ಆ ಸೀರೆಯನ್ನು ಕೊಂಡ ದಿನದ ಕುರಿತು ಕೇಳಿದೆ. ಅಂಗಡಿಯಲ್ಲಿ ಪತಿ ಎಷ್ಟು ಸೀರೆಗಳನ್ನು ಬಿಡಿಸಿ ಹಾಕಿಸಿದರು, ಬೆಲೆ ಕೇಳಿ ತಾವು ಹೇಗೆ ಎದ್ದು ನಿಂತರು, ಅವರು ಹೇಗೆ ಕೈಹಿಡಿದು ಕೂರಿಸಿದರು ಎಂದು ಅವರು ಮುಕ್ಕಾಲು ಗಂಟೆ ಹೇಳಿದರು. ಅತ್ತರು ಕೂಡ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನೇರವಾಗಿ ಕೇಳಿದರು: "ನಾನು ತಪ್ಪು ಮಾಡಿದೆನಾ?"

"ಜೋಪಾನ ಮಾಡಿದ್ದು ತಪ್ಪಲ್ಲ ಅಮ್ಮ. ಯಾವ ದಿನಕ್ಕೆ ಅಂತ ಗೊತ್ತುಮಾಡಿಕೊಳ್ಳದೆ ಇಟ್ಟದ್ದು ತಪ್ಪಾಯಿತು" ಎಂದೆ.

ದುಃಖದಲ್ಲಿರುವ ಹಿರಿಯರಿಗೆ ತಪ್ಪಾಯಿತು ಎಂದು ಹೇಳಬಹುದೇ ಎಂದು ಈ ಪ್ರಕರಣವನ್ನು ಚರ್ಚಿಸುವಾಗ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೂ ಅದೇ ಮಾತನ್ನು ಇಂದೂ ಹೇಳುತ್ತೇನೆ. ಆ ಅಮ್ಮ ಕೇಳಿದ್ದು ಸಮಾಧಾನವನ್ನಲ್ಲ, ಉತ್ತರವನ್ನು. ಏನೂ ತಪ್ಪಿಲ್ಲವೆಂದಿದ್ದರೆ ಅವರು ನಂಬುತ್ತಿರಲಿಲ್ಲ. ಎಲ್ಲವೂ ತಪ್ಪೆಂದಿದ್ದರೆ, ತಾಯಿಯಿಂದ ಕಲಿತ ಆ ಜೋಪಾನವನ್ನೂ ಅದರಿಂದ ನಡೆದುಬಂದ ಸಂಸಾರವನ್ನೂ ಒಟ್ಟಿಗೇ ತೆಗೆದುಹಾಕಿದಂತಾಗುತ್ತಿತ್ತು. ತಪ್ಪು ಇದ್ದದ್ದು ಒಂದು ಸಣ್ಣ ಜಾಗದಲ್ಲಿ, ಅದನ್ನು ಬೆರಳಿಟ್ಟು ತೋರಿಸುವುದು ನನ್ನ ಕೆಲಸವಾಗಿತ್ತು. ಮಗಳ ಮದುವೆಗೆಂದು ಚಿನ್ನವನ್ನು, ಕಷ್ಟಕಾಲಕ್ಕೆಂದು ಹಣವನ್ನು ಎತ್ತಿಡುವವರು ಯಾವುದಕ್ಕೆ, ಯಾವಾಗ ಎಂಬುದನ್ನು ಬಲ್ಲರು. "ಒಳ್ಳೇದಕ್ಕೆ" ಎಂಬ ದಿನ ಮಾತ್ರ ಯಾವ ಪಂಚಾಂಗದಲ್ಲೂ ಇಲ್ಲ. ಅದು ಬಂದಾಗಲೂ ಹೊಗೆ, ಎಣ್ಣೆ, ಬೀಗರು, ಜನ ಎಂದು ಏನಾದರೊಂದು ಅಡ್ಡ ಬರುತ್ತದೆ, ಏಕೆಂದರೆ ಇನ್ನೂ ಒಳ್ಳೆಯ ದಿನವೊಂದು ಮುಂದೆ ಇರಲೇಬೇಕೆಂದು ಮನಸ್ಸು ಹೇಳುತ್ತಿರುತ್ತದೆ. ಇನ್ನೊಬ್ಬ ನಿವೃತ್ತ ಹಿರಿಯರು ಬೀಳ್ಕೊಡುಗೆಯಲ್ಲಿ ಬಂದ ಎಚ್‌ಎಂಟಿ ಕೈಗಡಿಯಾರವನ್ನು ಪೆಟ್ಟಿಗೆಯಲ್ಲೇ ಇಟ್ಟಿದ್ದರು. 2016ರಲ್ಲಿ ಆ ಗಡಿಯಾರಗಳ ಕಂಪನಿಯನ್ನೇ ಮುಚ್ಚುವ ನಿರ್ಧಾರವಾದ ಮೇಲೆ, ಇಂಥದ್ದು ಮತ್ತೆ ಸಿಗದೆಂದು ಇನ್ನೂ ಭದ್ರವಾಗಿ ಮುಚ್ಚಿಟ್ಟರು. ಅದು ಕೀಲಿ ಕೊಡುವ ಗಡಿಯಾರ, ನಡೆಸದೆ ಇಟ್ಟರೆ ಒಳಗಿನ ಎಣ್ಣೆ ಗಟ್ಟಿಯಾಗುತ್ತದೆ.

ಉಳಿದ ಸಲಹೆಗಳನ್ನು ನಾನು ಈ ಸಲ ಕೆಳಗಿನಿಂದ ಮೇಲಕ್ಕೆ ಕಟ್ಟಿದೆ. ಮೊದಲು ಟವೆಲ್, ಏಕೆಂದರೆ ಅದು ಹಳೆಯದಾದರೆ ಯಾರ ಎದೆಯೂ ಒಡೆಯುವುದಿಲ್ಲ. ಅದು ಹದಿನೈದು ದಿನ ಸಲೀಸಾಗಿ ನಡೆದರೆ ಹಾಸಿಗೆಯ ಹೊದಿಕೆ, ಆಮೇಲೆ ಕಪ್ಪುಗಳಲ್ಲಿ ಎರಡು, ಒಂದು ಅತ್ತೆಗೆ, ಒಂದು ಸೊಸೆಗೆ, ಬೆಳಗಿನ ಕಾಫಿಗೆ. ನಿಜವಾಗಿಯೂ ಎತ್ತಿಡಬೇಕಾದದ್ದಿದ್ದರೆ ಒಂದು ಚೀಟಿಯಲ್ಲಿ ದಿನವನ್ನು ಬರೆದು ಅದರೊಳಗಿಡಬೇಕು. ದಿನ ಬರೆಯಲಾಗದಿದ್ದರೆ ಅದು ಬಳಸುವ ವಸ್ತು.

ಮಗ ಸೊಸೆಗೆ ಹೇಳಿದ್ದು ಇದಕ್ಕಿಂತ ಕಟುವಾಗಿತ್ತು. ಈ ಬರಹವನ್ನು ಹೆಚ್ಚಾಗಿ ಓದುವವರೂ ಅವರಂಥವರೇ ಎಂದು ಗೊತ್ತಿರುವುದರಿಂದ ಅದನ್ನೂ ಇಲ್ಲಿ ಬರೆಯುತ್ತೇನೆ. ಒಂದು ವರ್ಷ ಅಮ್ಮನಿಗೆ ಹೊಸದೇನನ್ನೂ ತರಬೇಡಿ. ಬೀರು ತೆಗೆದು ಎಲ್ಲವನ್ನೂ ಮಂಚದ ಮೇಲೆ ಸುರಿದು "ಇವತ್ತಿನಿಂದ ಬಳಸಿ" ಎಂದು ಅಪ್ಪಣೆ ಮಾಡಬೇಡಿ. ಆ ಬೀರುವಿನ ಬೀಗದ ಕೈ ಅವರ ಸೊಂಟದಲ್ಲಿರಲಿ. ಹಳೆಯ ಟವೆಲನ್ನು ಅವರಿಗೆ ಹೇಳದೆ ಎಸೆಯಬೇಡಿ. ಇದು ದುಂದುವೆಚ್ಚವನ್ನು ಕಲಿಸುವ ಮಾತೆಂದು ಕೆಲವರು ನನ್ನನ್ನು ದೂರುತ್ತಾರೆ. ಕೊಂಡುಕೊಳ್ಳಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ, ಕೊಂಡದ್ದು ಬಳಕೆಗೆ ಬರಲಿ ಎಂದು ಹೇಳುತ್ತಿದ್ದೇನೆ. ಬಳಸದೆ ಇಟ್ಟ ಹನ್ನೆರಡು ಟವೆಲ್‌ಗಳ ಮೇಲೆ ಹದಿಮೂರನೆಯದನ್ನು ತರುವ ಮನೆಗಳಲ್ಲೇ ದುಂದು ಹೆಚ್ಚು.

ಸೀರೆಯನ್ನು ಏನು ಮಾಡಬೇಕೆಂದು ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಎರಡು ತಿಂಗಳ ಬಳಿಕ ಬಂದಾಗ, ಸೀಳಿನ ನಡುವೆ ಗಟ್ಟಿಯಿದ್ದ ಬಟ್ಟೆಯನ್ನೂ ಅಂಚನ್ನೂ ಕತ್ತರಿಸಿ, ಲೈನಿಂಗ್ ಕೊಟ್ಟು, ಆರು ವರ್ಷದ ಮೊಮ್ಮಗಳಿಗೆ ಲಂಗ ಹೊಲಿಸಲು ಕೊಟ್ಟಿರುವುದಾಗಿ ಹೇಳಿದರು. ಬೆಳೆಯುವ ಮಗು, ನಾಲ್ಕು ವರ್ಷ ಬರುವ ಹಾಗೆ ಕೆಳಗೆ ಜಾಸ್ತಿ ಬಟ್ಟೆ ಮಡಚಿ ಹೊಲಿಯಲೇ ಎಂದು ದರ್ಜಿ ಕೇಳಿದರಂತೆ.

"ಬೇಡ, ಈಗಿನ ಅಳತೆಗೇ ಹೊಲಿ ಅಂದೆ" ಎಂದರು. "ಭಾನುವಾರ ಹಾಕ್ಕೊಂಡು ಬೀದೀಲಿ ಕುಂಟೆಬಿಲ್ಲೆ ಆಡ್ತಾಳೆ. ನೋಡ್ತಾ ಕೂತ್ಕೋಬೇಕು ಅಂತಿದ್ದೀನಿ."