ತಂತ್ರಜ್ಞಾನ ಪ್ರಶ್ನೋತ್ತರ: ಮನೆಯ ವಿಡಿಯೊಗಳನ್ನು ಡಿವಿಡಿಗೆ ಇಳಿಸುವ ಬಗೆ

ಮೊಬೈಲ್‌ನಲ್ಲೂ ಕ್ಯಾಮೆರಾದಲ್ಲೂ ಚಿತ್ರೀಕರಿಸಿದ ವಿಡಿಯೊಗಳನ್ನು ಟಿ.ವಿ.ಗೆ ಜೋಡಿಸಿದ ಡಿವಿಡಿ ಪ್ಲೇಯರಿನಲ್ಲಿ ನೋಡುವಂತೆ ಮಾಡಿಕೊಳ್ಳುವುದು ಹೇಗೆ ಎಂದು ಕೇಳಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ಒಂದೇ ತೊಡಕನ್ನು ಹಲವರು ಕೇಳಿದ್ದಲ್ಲಿ ಅವನ್ನು ಒಂದು ಪ್ರಶ್ನೆಯಾಗಿ ಕೂಡಿಸಲಾಗಿದೆ.

ಪ್ರಶ್ನೆ: ನನ್ನ ಬಳಿ ಎಂಪಿ4 ರೂಪದ ಕೆಲವು ವಿಡಿಯೊಗಳಿವೆ. ಅವನ್ನು ಖಾಲಿ ಡಿವಿಡಿಗೆ ಬರೆಯುವಾಗ ವಿಂಡೋಸ್ ಎರಡು ಆಯ್ಕೆ ತೋರಿಸಿತು. ‘ಸಿಡಿ/ಡಿವಿಡಿ ಪ್ಲೇಯರಿನೊಂದಿಗೆ ಬಳಸಲು’ ಎಂಬುದನ್ನೇ ಆರಿಸಿಕೊಂಡೆ. ಕಂಪ್ಯೂಟರಿನಲ್ಲಿ ಡಿಸ್ಕ್ ಚೆನ್ನಾಗಿಯೇ ತೆರೆದುಕೊಳ್ಳುತ್ತದೆ. ಪ್ಲೇಯರ್ ಮಾತ್ರ ಅದನ್ನು ಗುರುತಿಸುವುದೇ ಇಲ್ಲ. ಡಿಸ್ಕ್ ಕೆಟ್ಟಿದೆಯೇ?

ಉತ್ತರ: ಡಿಸ್ಕ್ ಕೆಟ್ಟಿಲ್ಲ. ನೀವು ತಯಾರಿಸಿರುವುದು ದತ್ತಾಂಶದ ಡಿಸ್ಕ್. ಪ್ಲೇಯರ್ ನಿರೀಕ್ಷಿಸುವುದು ಡಿವಿಡಿ-ವಿಡಿಯೊ ಎಂಬ ಬೇರೊಂದು ಬಗೆಯ ಡಿಸ್ಕನ್ನು. ವಿಂಡೋಸ್ ತೋರಿಸುವ ಆ ಆಯ್ಕೆಯ ಹೆಸರು ಬಹಳ ಜನರನ್ನು ದಾರಿ ತಪ್ಪಿಸಿದೆ. ಅದನ್ನು ಒತ್ತಿದರೆ ಕಡತಗಳು ಬೇರೆ ಯಂತ್ರಗಳೂ ಓದಬಲ್ಲ ವಿನ್ಯಾಸದಲ್ಲಿ ಡಿಸ್ಕಿಗೆ ಹೋಗುತ್ತವೆಯೇ ಹೊರತು, ಒಳಗಿನ ವಿಡಿಯೊ ಇದ್ದ ಹಾಗೆಯೇ ಉಳಿಯುತ್ತದೆ.

ಡಿವಿಡಿ-ವಿಡಿಯೊ ಮಾನದಂಡ ರೂಪುಗೊಂಡದ್ದು 1990ರ ದಶಕದ ನಡುವಿನಲ್ಲಿ. ಇಂದಿನ ಮೊಬೈಲ್‌ಗಳು ಬಳಸುವ ಎಚ್.264 ಅಥವಾ ಎಚ್.265 ಸಂಕೋಚನ ವಿಧಾನಗಳು ಆಗ ಹುಟ್ಟಿರಲೇ ಇಲ್ಲವಾದ್ದರಿಂದ, ಆ ಮಾನದಂಡಕ್ಕೆ ತಕ್ಕಂತೆ ತಯಾರಾದ ಪ್ಲೇಯರಿಗೆ ಅವುಗಳ ಪರಿಚಯವಿಲ್ಲ. ಅದಕ್ಕೆ ಬೇಕಾದದ್ದು ಎಂಪೆಗ್-2 ರೂಪದ ದೃಶ್ಯ. ಚೌಕಟ್ಟಿನ (ಫ್ರೇಮಿನ) ಅಳತೆ ಭಾರತವೂ ಸೇರಿದಂತೆ ಹಲವು ದೇಶಗಳ ಟಿ.ವಿ. ಪದ್ಧತಿಯಾದ ಪಾಲ್‌ನಲ್ಲಿ 720 × 576 ಪಿಕ್ಸೆಲ್, ಸೆಕೆಂಡಿಗೆ 25 ಚೌಕಟ್ಟುಗಳು. ಅಮೆರಿಕ, ಜಪಾನ್ ಮುಂತಾದ ಕಡೆಯ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ 720 × 480, ಸೆಕೆಂಡಿಗೆ 29.97 ಚೌಕಟ್ಟುಗಳು. ಧ್ವನಿಯು ಡಾಲ್ಬಿ ಡಿಜಿಟಲ್ ಎಂದು ಕರೆಯಲಾಗುವ ಎಸಿ-3, ಸಂಕೋಚನವಿಲ್ಲದ ಪಿಸಿಎಂ ಅಥವಾ ಎಂಪೆಗ್ ಧ್ವನಿಯಾಗಿರಬೇಕು, ಮತ್ತು ಅದರ ಸ್ಯಾಂಪಲ್ ದರ 48 ಕಿಲೋಹರ್ಟ್ಸ್ ಇರಬೇಕು. ಮೊಬೈಲ್ ವಿಡಿಯೊಗಳಲ್ಲಿ ಸಾಮಾನ್ಯವಾಗಿರುವ ಎಎಸಿ ಧ್ವನಿ ಈ ಪಟ್ಟಿಯಲ್ಲಿಲ್ಲ.

ಇಷ್ಟು ಪರಿವರ್ತನೆಯಾದರೂ ಕೆಲಸ ಮುಗಿಯುವುದಿಲ್ಲ. ಡಿಸ್ಕಿನಲ್ಲಿ ‘ವಿಡಿಯೊ_ಟಿಎಸ್’ ಎಂಬ ಹೆಸರಿನ ಫೋಲ್ಡರ್ ಇರಬೇಕು. ಅದರೊಳಗೆ ದೃಶ್ಯ ಮತ್ತು ಧ್ವನಿಯನ್ನು ಹೊತ್ತ ವಿಒಬಿ ಕಡತಗಳೂ, ಯಾವ ಅಧ್ಯಾಯ ಎಲ್ಲಿ ಆರಂಭವಾಗುತ್ತದೆ, ಮೆನುವಿನ ಯಾವ ಗುಂಡಿ ಒತ್ತಿದರೆ ಎಲ್ಲಿಗೆ ಹೋಗಬೇಕು ಎಂಬುದನ್ನು ಪ್ಲೇಯರಿಗೆ ತಿಳಿಸುವ ಐಎಫ್‌ಒ ಕಡತಗಳೂ, ಗೀರು ಬಿದ್ದು ಐಎಫ್‌ಒ ಓದಲಾಗದಿದ್ದರೆ ಇರಲಿ ಎಂದು ಅದರ ಪ್ರತಿಯಾಗಿ ಬಿಯುಪಿ ಕಡತಗಳೂ ಇರುತ್ತವೆ. ಒಂದೊಂದು ವಿಒಬಿ ಕಡತವೂ 1 ಜಿಬಿ ಮೀರದಂತೆ ತುಂಡಾಗಿರುತ್ತದೆ. ಅದನ್ನು ಕಂಡು ವಿಡಿಯೊ ಒಡೆದುಹೋಗಿದೆಯೆಂದು ಗಾಬರಿಯಾಗಬೇಕಿಲ್ಲ. ಈ ಸಂಯೋಜನೆಯ ಹಂತಕ್ಕೆ ಆಥರಿಂಗ್ ಎನ್ನುತ್ತಾರೆ.

ಹೀಗೆ ಪರಿವರ್ತನೆ, ಸಂಯೋಜನೆ, ಬರವಣಿಗೆ ಎಂಬ ಮೂರು ಬೇರೆ ಬೇರೆ ಕೆಲಸಗಳಿವೆ. ನಮಗೆ ಬರುವ ದೂರುಗಳಲ್ಲಿ ಹೆಚ್ಚಿನವು ಇವುಗಳಲ್ಲಿ ಒಂದನ್ನು ಬಿಟ್ಟದ್ದರಿಂದಲೋ ಒಂದನ್ನು ಮತ್ತೊಂದೆಂದು ಭಾವಿಸಿದ್ದರಿಂದಲೋ ಹುಟ್ಟಿದವು. ವಿಂಡೋಸ್ ವಿಸ್ಟಾ ಮತ್ತು ವಿಂಡೋಸ್ 7ರ ಕೆಲವು ಆವೃತ್ತಿಗಳಲ್ಲಿ ಮೂರನ್ನೂ ಮಾಡಿಕೊಡುವ ‘ಡಿವಿಡಿ ಮೇಕರ್’ ಜೊತೆಗೇ ಬರುತ್ತಿತ್ತು. ವಿಂಡೋಸ್ 8ರಿಂದ ಅದನ್ನು ಕೈಬಿಡಲಾಯಿತು. ಈಗ ಉಚಿತವಾಗಿ ದೊರೆಯುವ ಡಿವಿಡಿ ಸ್ಟೈಲರ್ ಹೊಸಬರಿಗೆ ಸಾಕು. ವಿಡಿಯೊವನ್ನು ಅದರೊಳಗೆ ಎಳೆದು ಹಾಕಿ, ಮೆನು ಬೇಕಿದ್ದರೆ ಜೋಡಿಸಿ, ಮೊದಲು ಐಎಸ್‌ಒ ಕಡತವಾಗಿ (ಇಡೀ ಡಿಸ್ಕಿನ ಪ್ರತಿರೂಪವನ್ನು ಹಿಡಿದಿಡುವ ಒಂದೇ ಕಡತ) ಉಳಿಸಿಕೊಳ್ಳಿ. ಅದನ್ನು ವಿಎಲ್‌ಸಿ ಪ್ಲೇಯರಿನಲ್ಲಿ ತೆರೆದು, ಮೆನು ಮತ್ತು ಧ್ವನಿ ಸರಿಯಿವೆಯೆಂದು ನೋಡಿದ ಮೇಲೆ ಇಮ್ಗ್‌ಬರ್ನ್‌ನಂತಹ ತಂತ್ರಾಂಶದಿಂದ ಡಿಸ್ಕಿಗೆ ಬರೆಯಿರಿ. ನೇರವಾಗಿ ಬರೆಯುವ ಗುಂಡಿಯೂ ಡಿವಿಡಿ ಸ್ಟೈಲರಿನಲ್ಲಿದೆ, ಆದರೆ ಐಎಸ್‌ಒ ಮೂಲಕ ಹೋಗುವುದೇ ಲೇಸು: ತಪ್ಪು ಕಂಡರೆ ಹಾಳಾಗುವುದು ನಿಮ್ಮ ಸಮಯ ಮಾತ್ರ, ಡಿಸ್ಕ್ ಅಲ್ಲ.

ಪ್ರಶ್ನೆ: ಸಮಾರಂಭವೊಂದರ ಮೂರು ಗಂಟೆಗಳ ವಿಡಿಯೊ 12 ಜಿಬಿ ಇದೆ. 4.7 ಜಿಬಿಯ ಡಿಸ್ಕಿಗೆ ಇದು ಹಿಡಿಯುವುದು ಸಾಧ್ಯವೇ? ಹಿಡಿಸಿದರೆ ಚಿತ್ರ ಎಷ್ಟು ಕೆಡುತ್ತದೆ?

ಉತ್ತರ: ನಿಮ್ಮ ಮೂಲ ಕಡತ 12 ಜಿಬಿ ಇದೆಯೋ 2 ಜಿಬಿ ಇದೆಯೋ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಎಂಪೆಗ್-2ಕ್ಕೆ ಹೊಸದಾಗಿ ಪರಿವರ್ತನೆಯಾಗುವುದರಿಂದ ಡಿಸ್ಕಿನಲ್ಲಿ ಅದು ಎಷ್ಟು ಜಾಗ ಹಿಡಿಯುತ್ತದೆ ಎಂಬುದನ್ನು ನಿರ್ಧರಿಸುವುದು ಎರಡೇ ಸಂಗತಿಗಳು: ವಿಡಿಯೊ ಎಷ್ಟು ಹೊತ್ತಿನದು, ಮತ್ತು ಪ್ರತಿ ಸೆಕೆಂಡಿಗೆ ನೀವು ಎಷ್ಟು ಬಿಟ್‌ಗಳನ್ನು ಕೊಡುತ್ತೀರಿ.

ಲೆಕ್ಕವನ್ನು ಒಮ್ಮೆ ಮಾಡಿ ನೋಡೋಣ. ಒಂದು ಪದರದ ಡಿಸ್ಕಿನಲ್ಲಿ ಹಿಡಿಯುವುದು ಸುಮಾರು 470 ಕೋಟಿ ಬೈಟ್‌ಗಳು. (ಕಂಪ್ಯೂಟರ್ ಇದನ್ನೇ 1024ರ ಲೆಕ್ಕದಲ್ಲಿ ಅಳೆದು 4.37 ಜಿಬಿ ಎಂದು ತೋರಿಸುತ್ತದೆ. ಯಾರೂ ನಿಮಗೆ ಮೋಸ ಮಾಡಿಲ್ಲ.) ಒಂದು ಬೈಟ್‌ಗೆ ಎಂಟು ಬಿಟ್, ಹಾಗಾಗಿ ಎಂಟರಿಂದ ಗುಣಿಸಿದರೆ 3,760 ಕೋಟಿ ಬಿಟ್‌ಗಳಾದವು. ಎರಡು ಗಂಟೆಯೆಂದರೆ 7,200 ಸೆಕೆಂಡು. ಭಾಗಿಸಿದರೆ ಸೆಕೆಂಡಿಗೆ ಸುಮಾರು 52 ಲಕ್ಷ ಬಿಟ್, ಅಂದರೆ 5.2 ಮೆಗಾಬಿಟ್ ಸಿಗುತ್ತದೆ. ಅದರಲ್ಲಿ ಧ್ವನಿಗೆ, ಮೆನುವಿಗೆ, ಇತರ ಖರ್ಚಿಗೆ ಸ್ವಲ್ಪ ತೆಗೆದಿಟ್ಟರೆ ದೃಶ್ಯಕ್ಕೆ 4.8 ಮೆಗಾಬಿಟ್ ಉಳಿಯುತ್ತದೆ. ಈ ದರದಲ್ಲಿ ಮನೆಯ ವಿಡಿಯೊ ಚೆನ್ನಾಗಿಯೇ ಕಾಣುತ್ತದೆ. ಮೂರು ಗಂಟೆಗೆ ಇದೇ ಲೆಕ್ಕ ಹಾಕಿದರೆ ಎಲ್ಲ ಸೇರಿ 3.5 ಮೆಗಾಬಿಟ್‌ಗೂ ಕಡಿಮೆ. ಮಾತನಾಡುವ ಮುಖಗಳು, ಅಲುಗಾಡದ ವೇದಿಕೆ ಇಷ್ಟೇ ಇದ್ದರೆ ಅದೂ ಸಹ್ಯವೇ. ಆದರೆ ಕುಣಿತ, ನೀರು, ಗಾಳಿಗೆ ಅಲುಗುವ ಎಲೆಗಳು, ಜನಜಂಗುಳಿ ಬಂದ ಕಡೆಯಲ್ಲೆಲ್ಲ ಚಿತ್ರ ಚೌಕ ಚೌಕವಾಗಿ ಒಡೆಯತೊಡಗುತ್ತದೆ.

ಹಾಗಾಗಿ ಎರಡು ಡಿಸ್ಕುಗಳಿಗೆ ಹಂಚಿಬಿಡಿ ಎಂಬುದೇ ನಮ್ಮ ಸಲಹೆ. ಎರಡು ಪದರಗಳ 8.5 ಜಿಬಿ ಡಿಸ್ಕ್ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ; ಆದರೆ ಅದರಲ್ಲಿ ಒಂದು ಪದರದಿಂದ ಇನ್ನೊಂದಕ್ಕೆ ಹೊರಳುವ ಬಿಂದುವನ್ನು ವಿಡಿಯೊದ ಸರಿಯಾದ ಗಡಿಯಲ್ಲಿ ಇಡಬೇಕಾಗುತ್ತದೆ, ಹಳೆಯ ಪ್ಲೇಯರುಗಳು ಆ ಜಾಗದಲ್ಲಿ ತಡವರಿಸುವುದುಂಟು, ಮತ್ತು ಬರೆಯುವಾಗ ವಿಫಲವಾಗುವ ಸಾಧ್ಯತೆಯೂ ಒಂದು ಪದರದ ಡಿಸ್ಕಿಗಿಂತ ಹೆಚ್ಚು. ಸಮಾರಂಭದ ನಡುವೆ ಸಹಜವಾದ ವಿರಾಮ ಎಲ್ಲಾದರೂ ಇದ್ದೇ ಇರುತ್ತದೆ, ಅಲ್ಲಿ ಕತ್ತರಿಸಿ.

ಒಂದೇ ಡಿಸ್ಕ್ ಬೇಕೇ ಬೇಕೆಂದಾದರೆ ಪರಿವರ್ತನೆಯನ್ನು ಎರಡು ಸುತ್ತಿನಲ್ಲಿ ಮಾಡಿಸಿ. ಮೊದಲ ಸುತ್ತಿನಲ್ಲಿ ತಂತ್ರಾಂಶವು ವಿಡಿಯೊವನ್ನು ಪೂರ್ತಿ ಓದಿ ಕಷ್ಟದ ದೃಶ್ಯಗಳನ್ನು ಗುರುತಿಸಿಕೊಂಡು, ಎರಡನೆಯ ಸುತ್ತಿನಲ್ಲಿ ಅವುಗಳಿಗೆ ಹೆಚ್ಚು ಬಿಟ್, ಸುಲಭದವಕ್ಕೆ ಕಡಿಮೆ ಬಿಟ್ ಹಂಚುತ್ತದೆ. ಸಮಯ ಹೆಚ್ಚು ಹಿಡಿಯುತ್ತದೆ, ಫಲ ಕಣ್ಣಿಗೆ ಕಾಣುತ್ತದೆ.

ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಅರ್ಧ ಗಂಟೆಯ ವಿಡಿಯೊ ಇದ್ದಾಗ ಜಾಗ ಖಾಲಿ ಉಳಿಯಬಾರದೆಂದು ಕೆಲವರು ದೃಶ್ಯದ ದರವನ್ನು ಗರಿಷ್ಠ ಮಿತಿಯಾದ 9.8 ಮೆಗಾಬಿಟ್‌ವರೆಗೂ ಏರಿಸುತ್ತಾರೆ. ಮನೆಯಲ್ಲಿ ಬರೆದ ಡಿಸ್ಕನ್ನು ಆ ವೇಗದಲ್ಲಿ ಓದಲಾಗದೆ ಕೆಲವು ಪ್ಲೇಯರುಗಳು ಮುಗ್ಗರಿಸುತ್ತವೆ. 8 ಮೆಗಾಬಿಟ್ ಮೀರದಿರಿ. ಜಾಗ ಖಾಲಿ ಉಳಿದರೆ ಉಳಿಯಲಿ.

ಪ್ರಶ್ನೆ: ವಿಡಿಯೊ ಪರಿವರ್ತನೆಗೆ ಹ್ಯಾಂಡ್‌ಬ್ರೇಕ್ ಒಳ್ಳೆಯದೆಂದು ಕೇಳಿದ್ದೇನೆ. ಅದರಿಂದಲೇ ಡಿವಿಡಿ ತಯಾರಿಸಬಹುದೇ?

ಉತ್ತರ: ಬರುವುದಿಲ್ಲ. ಹ್ಯಾಂಡ್‌ಬ್ರೇಕ್ ಮಾಡುವುದು ಇದರ ಉಲ್ಟಾ ಕೆಲಸ; ಡಿಸ್ಕಿನಲ್ಲಿರುವುದನ್ನೋ ಬೇರೆ ಕಡತವನ್ನೋ ಎಂಪಿ4, ಎಂಕೆವಿ ಮುಂತಾದ ರೂಪಕ್ಕೆ ತರುತ್ತದೆ, ಡಿವಿಡಿ-ವಿಡಿಯೊ ರಚಿಸುವುದಿಲ್ಲ. ಆದೇಶಗಳನ್ನು ಟೈಪ್ ಮಾಡಿ ಕೆಲಸ ಮಾಡುವ ಅಭ್ಯಾಸವಿದ್ದರೆ ಪರಿವರ್ತನೆಯ ಹಂತಕ್ಕೆ ಎಫ್‌ಎಫ್‌ಎಂಪೆಗ್ ಬಳಸಿ. ಅದರಲ್ಲಿ ಡಿವಿಡಿಗೆಂದೇ ಪಾಲ್, ಎನ್‌ಟಿಎಸ್‌ಸಿ ಎರಡಕ್ಕೂ ಸಿದ್ಧ ಗುರಿಗಳಿದ್ದು, ಅಳತೆ, ದರ, ಧ್ವನಿ ಎಲ್ಲವನ್ನೂ ಅದೇ ಹೊಂದಿಸಿಕೊಳ್ಳುತ್ತದೆ.

ಪ್ರಶ್ನೆ: ಮೊಬೈಲಿನಲ್ಲಿ ತೆಗೆದ ವಿಡಿಯೊವನ್ನು ಡಿವಿಡಿ ಮಾಡಿದಾಗ ಆರಂಭದಲ್ಲಿ ಎಲ್ಲವೂ ಸರಿಯಿರುತ್ತದೆ, ಕೊನೆಗೆ ಬರುವಷ್ಟರಲ್ಲಿ ತುಟಿ ಮೊದಲು, ಮಾತು ಆಮೇಲೆ. ಇದಕ್ಕೇನು ಕಾರಣ? ಅಲ್ಲದೆ ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದ ವಿಡಿಯೊಗಳನ್ನು ಏನು ಮಾಡಬೇಕು?

ಉತ್ತರ: ಮೊಬೈಲ್‌ಗಳು ಸೆಕೆಂಡಿಗೆ ಇಷ್ಟೇ ಚೌಕಟ್ಟುಗಳೆಂಬ ನಿಯಮಕ್ಕೆ ಕಟ್ಟುಬೀಳುವುದಿಲ್ಲ. ಬೆಳಕು ಕಡಿಮೆಯಾದರೆ 30ರ ಬದಲು 24 ತೆಗೆದು, ಮತ್ತೆ ಬೆಳಕು ಬಂದಾಗ 30ಕ್ಕೆ ಏರುತ್ತವೆ. ಧ್ವನಿ ಮಾತ್ರ ಒಂದೇ ಗತಿಯಲ್ಲಿ ಸಾಗುತ್ತಿರುತ್ತದೆ. ಈ ಏರಿಳಿತವನ್ನು ಗಮನಿಸದ ತಂತ್ರಾಂಶವು ಚೌಕಟ್ಟುಗಳನ್ನೆಲ್ಲ ಸಮನಾಗಿ ಜೋಡಿಸಿಬಿಟ್ಟರೆ, ಪ್ರತಿ ನಿಮಿಷವೂ ಸ್ವಲ್ಪ ಸ್ವಲ್ಪವಾಗಿ ಅಂತರ ಕೂಡುತ್ತಾ ಹೋಗುತ್ತದೆ. ಅಂತರ ಮೊದಲಿನಿಂದ ಕೊನೆಯವರೆಗೂ ಒಂದೇ ಆಗಿದ್ದರೆ ಕಾರಣ ಬೇರೆ. ಬೆಳೆಯುತ್ತಾ ಹೋದರೆ ಬಹುಮಟ್ಟಿಗೆ ಇದೇ.

ಪರಿಹಾರವೆಂದರೆ, ಮೂಲ ವಿಡಿಯೊವನ್ನು ಮೊದಲು ಸ್ಥಿರ ಚೌಕಟ್ಟು ದರದ ಕಡತವಾಗಿ ಮಾರ್ಪಡಿಸಿಕೊಂಡು, ಆ ಕಡತವನ್ನು ಡಿವಿಡಿ ತಂತ್ರಾಂಶಕ್ಕೆ ಕೊಡುವುದು. ಇಲ್ಲಿ ಹ್ಯಾಂಡ್‌ಬ್ರೇಕ್ ಉಪಯೋಗಕ್ಕೆ ಬರುತ್ತದೆ. ಅದರಲ್ಲಿ ಸ್ಥಿರ ದರದ ಆಯ್ಕೆಯಿದೆ, ಗುಣಮಟ್ಟವನ್ನು ಎತ್ತರದಲ್ಲಿಟ್ಟು ಬಳಸಿ. ಜೊತೆಗೆ ಇನ್ನೊಂದು ವಿಷಯ: 30 ಚೌಕಟ್ಟಿನ ವಿಡಿಯೊವನ್ನು ಪಾಲ್‌ನ 25ಕ್ಕೆ ಇಳಿಸುವಾಗ ಕೆಲವು ಚೌಕಟ್ಟುಗಳು ಬಿದ್ದುಹೋಗಿ ಚಲನೆ ಸ್ವಲ್ಪ ಕುಲುಕುತ್ತದೆ. ಪಾಲ್ ಪದ್ಧತಿಯ ನಾಡುಗಳಲ್ಲಿ ಮಾರಾಟವಾದ ಪ್ಲೇಯರುಗಳಲ್ಲಿ ಹೆಚ್ಚಿನವು ಎನ್‌ಟಿಎಸ್‌ಸಿ ಡಿಸ್ಕನ್ನೂ ನುಡಿಸಬಲ್ಲವು; ನಿಮ್ಮದರ ಕೈಪಿಡಿಯಲ್ಲಿ ಹಾಗೆಂದು ಬರೆದಿದ್ದರೆ ಇಂಥ ವಿಡಿಯೊಗಳಿಗೆ ಎನ್‌ಟಿಎಸ್‌ಸಿಯನ್ನೇ ಆರಿಸಿಕೊಳ್ಳಿ. ಎನ್‌ಟಿಎಸ್‌ಸಿ ನಾಡಿನ ಪ್ಲೇಯರುಗಳಿಂದ ಮಾತ್ರ ಪಾಲ್ ಬಗ್ಗೆ ಅದೇ ಔದಾರ್ಯವನ್ನು ನಿರೀಕ್ಷಿಸಬೇಡಿ. ಡಿಸ್ಕನ್ನು ಬೇರೆ ದೇಶದ ಬಂಧುಗಳಿಗೆ ಕಳುಹಿಸುವವರು ಇದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ನೆಟ್ಟಗೆ ತೆಗೆದ ವಿಡಿಯೊ ಅಗಲವಾದ ಪರದೆಯಲ್ಲಿ ಎಡಬಲಗಳಲ್ಲಿ ಕಪ್ಪು ಪಟ್ಟಿಗಳೊಂದಿಗೇ ಬರಬೇಕು. ಅದನ್ನು ಎಳೆದು ಪರದೆ ತುಂಬಿಸಿದರೆ ಜನ ಗಿಡ್ಡಗೆ, ದಪ್ಪಗೆ ಕಾಣುತ್ತಾರೆ.

ಪ್ರಶ್ನೆ: ವಿಡಿಯೊಗೆ ಕನ್ನಡದಲ್ಲಿ ಸಬ್‌ಟೈಟಲ್ ಹಾಕಿದೆ. ಡಿವಿಡಿಯಲ್ಲಿ ಒತ್ತಕ್ಷರಗಳೆಲ್ಲ ಚೆದುರಿ ಹೋಗಿವೆ. ಪ್ಲೇಯರಿಗೆ ಕನ್ನಡ ಬರುವುದಿಲ್ಲವೇ?

ಉತ್ತರ: ಪ್ಲೇಯರಿಗೆ ಯಾವ ಭಾಷೆಯೂ ಬರಬೇಕಾಗಿಲ್ಲ. ಡಿವಿಡಿಯ ಸಬ್‌ಟೈಟಲ್‌ಗಳು ಅಕ್ಷರಗಳಾಗಿ ಅಲ್ಲ, ನಾಲ್ಕು ಬಣ್ಣಗಳ ಪುಟ್ಟ ಚಿತ್ರಗಳಾಗಿ ಡಿಸ್ಕಿನಲ್ಲಿರುತ್ತವೆ. ಒಂದು ವಿಡಿಯೊಗೆ 32 ಸಬ್‌ಟೈಟಲ್ ಪಟ್ಟಿಗಳವರೆಗೆ ಸೇರಿಸಲು ಅವಕಾಶವಿದೆ. ಅಕ್ಷರವನ್ನು ಚಿತ್ರವಾಗಿಸುವ ಕೆಲಸ ನಿಮ್ಮ ಕಂಪ್ಯೂಟರಿನಲ್ಲೇ ನಡೆದಿದ್ದು, ಆ ತಂತ್ರಾಂಶಕ್ಕೆ ಒತ್ತು ಮತ್ತು ಗುಣಿತಗಳನ್ನು ಜೋಡಿಸಲು ಬಾರದ್ದರಿಂದ ಅವು ಬಿಡಿ ಬಿಡಿಯಾಗಿ ಮೂಡಿವೆ. ಸುಲಭದ ದಾರಿಯೆಂದರೆ ಸಬ್‌ಟೈಟಲನ್ನು ದೃಶ್ಯದ ಮೇಲೆಯೇ ಅಚ್ಚಾಗಿಸುವುದು. ಎಫ್‌ಎಫ್‌ಎಂಪೆಗ್ ಇದಕ್ಕೆ ಬಳಸುವ ವ್ಯವಸ್ಥೆಯು ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ. ಯೂನಿಕೋಡ್ ಕನ್ನಡ ಫಾಂಟ್ ಒಂದು ಇದ್ದರಾಯಿತು. ಹೀಗೆ ಮಾಡಿದಾಗ ನೋಡುಗರು ಸಬ್‌ಟೈಟಲನ್ನು ಮರೆಮಾಡಲಾರರು ಎಂಬುದಷ್ಟೇ ಕೊರತೆ. ಅಕ್ಷರಗಳನ್ನು ಪರದೆಯ ತೀರ ಅಂಚಿಗೆ ಇಡಬೇಡಿ, ಹಳೆಯ ಟಿ.ವಿ.ಗಳು ಚಿತ್ರದ ನಾಲ್ಕೂ ಅಂಚುಗಳನ್ನು ಸ್ವಲ್ಪ ನುಂಗುತ್ತವೆ.

ಪ್ರಶ್ನೆ: ನೀವು ಹೇಳುವ ‘ವಿಡಿಯೊ_ಟಿಎಸ್’ ಫೋಲ್ಡರ್ ಎಲ್ಲ ಸರಿಯಾಗಿಯೇ ಇದೆ. ಆದರೂ ನನ್ನ ಹಳೆಯ ಪ್ಲೇಯರ್ ಕೆಲವು ಡಿಸ್ಕುಗಳನ್ನು ಓದುವುದಿಲ್ಲ. ಇನ್ನು ಕೆಲವು ಮುಕ್ಕಾಲು ಭಾಗ ನಡೆದು ನಿಂತುಬಿಡುತ್ತವೆ.

ಉತ್ತರ: ಇವು ಎರಡು ಬೇರೆ ತೊಂದರೆಗಳು. ಓದುವುದೇ ಇಲ್ಲವೆಂದರೆ ಮೊದಲು ಡಿಸ್ಕಿನ ಬಗೆಯನ್ನು ನೋಡಿ. ಡಿವಿಡಿ-ಆರ್, ಡಿವಿಡಿ+ಆರ್ ಎಂಬ ಎರಡು ಬಗೆಗಳಲ್ಲಿ ತೀರ ಹಳೆಯ ಪ್ಲೇಯರುಗಳು ಸಾಮಾನ್ಯವಾಗಿ ಮೊದಲನೆಯದನ್ನು ಹೆಚ್ಚು ಸುಲಭವಾಗಿ ಒಪ್ಪುತ್ತವೆ. ಅಳಿಸಿ ಬರೆಯಬಹುದಾದ ಆರ್‌ಡಬ್ಲ್ಯೂ ಡಿಸ್ಕುಗಳು ಬೆಳಕನ್ನು ಕಡಿಮೆ ಪ್ರತಿಫಲಿಸುವುದರಿಂದ ಹಳೆಯ ಲೇಸರ್‌ಗೆ ಕಾಣದೇ ಹೋಗಬಹುದು. ಬಗೆ ಸರಿಯಿದ್ದರೆ, ಬರೆದು ಮುಗಿದ ಮೇಲೆ ಡಿಸ್ಕನ್ನು ಫೈನಲೈಸ್ (ಬರವಣಿಗೆ ಮುಗಿಯಿತೆಂದು ಡಿಸ್ಕನ್ನು ಮುಚ್ಚುವ ಕೆಲಸ) ಮಾಡಿದ್ದೀರಾ ನೋಡಿ. ಅದನ್ನು ಮಾಡದ ಡಿಸ್ಕನ್ನು ಬರೆದ ಯಂತ್ರ ಓದಿದರೂ ಬೇರೆ ಪ್ಲೇಯರ್ ಓದಲಾರದು.

ನಡುವೆ ನಿಲ್ಲುವುದಕ್ಕೆ ಬೇರೆ ಕಾರಣ ಹುಡುಕಬೇಕು. ಡಿಸ್ಕನ್ನು ಒಳಗಿನಿಂದ ಹೊರಕ್ಕೆ ಬರೆಯಲಾಗುತ್ತದೆ. 16 ಪಟ್ಟು ವೇಗದಲ್ಲಿ ಬರೆಯುವ ಡ್ರೈವ್ ಆ ವೇಗವನ್ನು ಮುಟ್ಟುವುದು ಹೊರ ಅಂಚಿನ ಬಳಿ. ದೋಷಗಳು ಹೆಚ್ಚುವುದೂ ಅಲ್ಲೇ, ಅಂದರೆ ವಿಡಿಯೊದ ಕೊನೆಯ ಭಾಗದಲ್ಲಿ. ಬೆರಳಚ್ಚು ಬೀಳುವುದೂ ಸಾಮಾನ್ಯವಾಗಿ ಅಂಚಿಗೇ. 4 ಅಥವಾ 8 ಪಟ್ಟು ವೇಗದಲ್ಲಿ ಬರೆಯಿರಿ; ತುಂಬಿದ ಡಿಸ್ಕಿಗೆ 4 ಪಟ್ಟಿನಲ್ಲಿ ಕಾಲು ಗಂಟೆ, 8 ಪಟ್ಟಿನಲ್ಲಿ ಎಂಟು ನಿಮಿಷದಷ್ಟು ಹಿಡಿಯುತ್ತದೆ. ಬರೆದ ಮೇಲೆ ಮೂಲದೊಂದಿಗೆ ಹೋಲಿಸಿ ನೋಡುವ ಆಯ್ಕೆಯನ್ನು ಬಿಡಬೇಡಿ. ಡಿಸ್ಕಿನ ಅಂಚಿನವರೆಗೂ ತುಂಬದೆ 4.2 ಜಿಬಿಯ ಸುಮಾರಿಗೆ ನಿಲ್ಲಿಸುವುದು ಇನ್ನೂ ಕ್ಷೇಮ. ಮೇಲೆ ಅಂಟಿಸುವ ಕಾಗದದ ಲೇಬಲ್ ಬೇಡ. ತಿರುಗುವಾಗ ತೂಕ ಒಂದೆಡೆ ವಾಲಿ, ಬಿಸಿಗೆ ಕಾಗದ ಸುರುಟಿಕೊಂಡು ಓದುವಿಕೆ ಕೆಡುತ್ತದೆ. ಮೃದು ತುದಿಯ ಮಾರ್ಕರಿನಿಂದ ಹೆಸರು ಬರೆದರೆ ಸಾಕು.

ಇಂಥ ಡಿಸ್ಕುಗಳಲ್ಲಿ ಬರಹ ನಿಲ್ಲುವುದು ಬಣ್ಣದ ಪದರವೊಂದರ ಮೇಲೆ, ಅದು ಬಿಸಿಲಿಗೆ ಮಾಸುತ್ತದೆ. ಡಿವಿಡಿ ಮಾಡಿಯಾಯಿತೆಂದು ಮೂಲ ಕಡತವನ್ನು ಅಳಿಸುವುದು ಅವಿವೇಕ. ಡಿಸ್ಕಿನಲ್ಲಿರುವುದು ಅಳತೆಯಲ್ಲೂ ಗುಣದಲ್ಲೂ ಕುಗ್ಗಿಸಿದ ಪ್ರತಿ.

ಪ್ರಶ್ನೆ: ಹಳೆಯ ಕ್ಯಾಮ್‌ಕಾರ್ಡರಿನ ಡಿವಿ ಟೇಪಿನಿಂದ ಇಳಿಸಿಕೊಂಡ ವಿಡಿಯೊ ಕಂಪ್ಯೂಟರಿನಲ್ಲಿ ಸರಾಗವಾಗಿದೆ. ಡಿವಿಡಿ ಮಾಡಿ ಟಿ.ವಿ.ಯಲ್ಲಿ ನೋಡಿದರೆ ಯಾರಾದರೂ ಓಡುವಾಗ ಹಿಂದೆ ಮುಂದೆ ನಡುಗಿದಂತೆ ಕಾಣುತ್ತದೆ.

ಉತ್ತರ: ಆ ಕಾಲದ ವಿಡಿಯೊದಲ್ಲಿ ಪ್ರತಿ ಚೌಕಟ್ಟೂ ಸಮ ಗೆರೆಗಳ ಒಂದು ಅರ್ಧ, ಬೆಸ ಗೆರೆಗಳ ಇನ್ನೊಂದು ಅರ್ಧವಾಗಿ, ಒಂದರ ನಂತರ ಒಂದು ಸೆರೆಯಾಗಿರುತ್ತದೆ. ಈ ಅರ್ಧಗಳಿಗೆ ಫೀಲ್ಡ್ ಎಂದು ಹೆಸರು. ಡಿವಿ ಟೇಪಿನಲ್ಲಿ ‘ಕೆಳಗಿನದು’ ಎಂದು ಕರೆಯುವ ಫೀಲ್ಡ್ ಮೊದಲು ಬರುತ್ತದೆ. ಪರಿವರ್ತನೆಯ ವೇಳೆ ಮೇಲಿನದು ಮೊದಲು ಎಂದು ಗುರುತಾದರೆ ಕಾಲದ ಕ್ರಮ ಹಿಂದುಮುಂದಾಗಿ ಆ ನಡುಕ ಹುಟ್ಟುತ್ತದೆ. ತಂತ್ರಾಂಶದ ಸೆಟ್ಟಿಂಗ್‌ಗಳಲ್ಲಿ ಫೀಲ್ಡ್ ಕ್ರಮವನ್ನು ‘ಕೆಳಗಿನದು ಮೊದಲು’ ಎಂದು ಬದಲಿಸಿ, ಹೊಸದಾಗಿ ಪರಿವರ್ತಿಸಿ. ಕಂಪ್ಯೂಟರಿನ ಪ್ಲೇಯರುಗಳು ಎರಡೂ ಅರ್ಧಗಳನ್ನು ಬೆರೆಸಿ ತೋರಿಸುವುದರಿಂದ ಈ ದೋಷ ಅಲ್ಲಿ ಮರೆಯಾಗುತ್ತದೆ. ಆದ್ದರಿಂದ ಜೋರಾದ ಚಲನೆಯಿರುವ ಒಂದು ನಿಮಿಷದ ತುಣುಕನ್ನು ಮೊದಲು ಆರ್‌ಡಬ್ಲ್ಯೂ ಡಿಸ್ಕಿಗೆ ಬರೆದು, ಟಿ.ವಿ.ಯಲ್ಲೇ ನೋಡಿ, ಸರಿಯಿದ್ದರೆ ಉಳಿದದ್ದಕ್ಕೆ ಕೈಹಾಕಿ.