ಯಾವ ದಿನ ಕೇಳಬೇಕಿತ್ತು?

ಬೇಸಿಗೆಯ ಇಂಟರ್ನ್‌ಶಿಪ್ ಮುಗಿಯುತ್ತ ಬಂದಾಗ ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಬರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳ ದೂರು ಹೆಚ್ಚುಕಡಿಮೆ ಒಂದೇ ಬಗೆಯದು: ನಿದ್ದೆ ಬರುತ್ತಿಲ್ಲ, ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲ, ಈ ವೃತ್ತಿಗೆ ತಾನು ತಕ್ಕವನಲ್ಲ ಎನಿಸುತ್ತಿದೆ. ಸ್ವಲ್ಪ ಕೆದಕಿದರೆ ಅಡಿಯಲ್ಲಿ, ಕೇಳಬೇಕಾದವರನ್ನು ಕೇಳದೆ ಉಳಿಸಿಕೊಂಡ ಒಂದು ಪ್ರಶ್ನೆ ಸಿಗುತ್ತದೆ. ಅಂಥ ಒಂದು ಪ್ರಕರಣವನ್ನು, ವಿದ್ಯಾರ್ಥಿಯ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಕೊಟ್ಟ ಸಲಹೆಯನ್ನು ನನ್ನ ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲ ಎಂಬುದೂ ಬರೆಯಲು ಒಂದು ಕಾರಣ.

ಆತ ಮೆಕ್ಯಾನಿಕಲ್ ವಿಭಾಗದಲ್ಲಿ ಮೂರನೆಯ ವರ್ಷ ಮುಗಿಸಿದ್ದ. ಪಂಪ್ ತಯಾರಿಸುವ ಸಂಸ್ಥೆಯೊಂದರ ಪರೀಕ್ಷಾ ವಿಭಾಗದಲ್ಲಿ ಎಂಟು ವಾರಗಳ ಇಂಟರ್ನ್‌ಶಿಪ್. ಹೊಸ ಮಾದರಿಯ ಪಂಪ್ ಓಡುತ್ತಿರುವಾಗ ಅದರ ಬೇರಿಂಗ್ ಎಷ್ಟು ಬಿಸಿಯಾಗುತ್ತದೆ ಎಂಬುದನ್ನು ಅಳೆದು, ದಾಖಲಿಸಿ, ಕೊನೆಯ ವಾರ ಪ್ರೆಸೆಂಟೇಶನ್ ಕೊಡುವುದು ಆತನ ಕೆಲಸ. ಮನೆಯ ಹಿನ್ನೆಲೆ, ಅಂಕಗಳು ಇಲ್ಲಿ ಮುಖ್ಯವಲ್ಲ. ಚೆನ್ನಾಗಿ ಓದುವ ಹುಡುಗ ಎಂದರೆ ಸಾಕು. ಆರನೆಯ ವಾರದ ಕೊನೆಗೆ ನನ್ನೆದುರು ಬಂದು ಕುಳಿತಾಗ ತನಗೇನಾಗಿದೆ ಎಂಬುದನ್ನು ತಾನೇ ನಿರ್ಧರಿಸಿಕೊಂಡಿದ್ದ. "ಮೇಡಂ, ನನಗೆ ಇಂಪೋಸ್ಟರ್ ಸಿಂಡ್ರೋಮ್ ಇದೆ" ಎಂದ.

ಈ ಮಾತು ಕೇಳಿದಾಗಲೆಲ್ಲ ನಾನು ತುಸು ಎಚ್ಚರಗೊಳ್ಳುತ್ತೇನೆ. ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬ ಮನಶ್ಶಾಸ್ತ್ರಜ್ಞೆಯರು 1978ರಲ್ಲಿ ಈ ಅನುಭವವನ್ನು ವಿವರಿಸಿದಾಗ ಅದನ್ನು ರೋಗವೆಂದು ಕರೆದಿರಲಿಲ್ಲ. ಸಾಧನೆ ಕಣ್ಣೆದುರಿಗಿದ್ದರೂ ಅದು ತಮ್ಮ ಸಾಮರ್ಥ್ಯದಿಂದ ಬಂದದ್ದೆಂದು ನಂಬಲಾರದ ಮಹಿಳೆಯರ ಬಗ್ಗೆ ಅವರು ಬರೆದಿದ್ದರು. ಇಂಟರ್ನ್ ಆಗಿ ಸೇರಿದ ವಿದ್ಯಾರ್ಥಿಯ ಸ್ಥಿತಿ ಬೇರೆ. ತನಗೆ ಗೊತ್ತಿಲ್ಲ ಎಂಬ ಆತನ ಭಾವನೆ ಭ್ರಮೆಯಲ್ಲ, ಆತನಿಗೆ ನಿಜವಾಗಿಯೇ ಗೊತ್ತಿರುವುದಿಲ್ಲ, ಹೋಗಿರುವುದೇ ಕಲಿಯಲು. "ನೀವು ಸಮರ್ಥರು, ನಿಮ್ಮನ್ನು ನೀವು ನಂಬಿ" ಎಂದು ಬೆನ್ನು ತಟ್ಟಿ ಕಳಿಸಿದರೆ ಅಂಥವನಿಗೆ ಉಪಕಾರವಾಗುವುದಿಲ್ಲ. ಆದ್ದರಿಂದ, ಗೊತ್ತಿಲ್ಲದ ಯಾವ ಸಂಗತಿ ನಿಮ್ಮನ್ನು ಕಾಡುತ್ತಿದೆ ಎಂದು ನೇರವಾಗಿ ಕೇಳಿದೆ. ಎರಡು ಭೇಟಿಗಳು ಕಳೆದರೂ ಉತ್ತರ ಬರಲಿಲ್ಲ. ಮೂರನೆಯ ಭೇಟಿಗೆ, ಏಳನೆಯ ವಾರದ ನಡುವೆ, ಆತ ತನ್ನ ರೀಡಿಂಗ್ ಪುಸ್ತಕವನ್ನೇ ತಂದ.

ಆತ ನನಗೆ ವಿವರಿಸಿದ್ದು ಇಷ್ಟು. ಬಿಸಿಯನ್ನು ಅಳೆಯಲು ಬಳಸುತ್ತಿದ್ದುದು ಥರ್ಮೋಕಪಲ್, ಎಂದರೆ ಎರಡು ಬೇರೆ ಲೋಹದ ತಂತಿಗಳನ್ನು ಜೋಡಿಸಿದ ಸಾಧನ. ಅದರಲ್ಲಿ ಹಲವು ಬಗೆಗಳಿದ್ದು, ಪ್ರತಿಯೊಂದರಲ್ಲೂ ಜೋಡಿಸಿದ ಲೋಹಗಳು ಬೇರೆ, ಒಂದೇ ಶಾಖಕ್ಕೆ ಅವು ಕೊಡುವ ವೋಲ್ಟೇಜ್ ಬೇರೆ. ಹಾಗಾಗಿ ತಂತಿ ಯಾವ ಬಗೆಯದು ಎಂಬುದನ್ನು, ಆ ವೋಲ್ಟೇಜನ್ನು ಉಷ್ಣತೆಯಾಗಿ ತೋರಿಸಿ ದಾಖಲಿಸುವ ಡೇಟಾ ಲಾಗರ್‌ಗೆ ಮೊದಲೇ ತಿಳಿಸಿರಬೇಕು. ಬೇರಿಂಗ್‌ಗೆ ಅಳವಡಿಸಿದ್ದು ಕೆ ಟೈಪ್, ಲಾಗರ್‌ನಲ್ಲಿದ್ದ ಸೆಟ್ಟಿಂಗ್ ಜೆ ಟೈಪ್. ಮೊದಲ ದಿನವೇ ಆತ ಈ ಎರಡು ಅಕ್ಷರಗಳನ್ನು ಗಮನಿಸಿದ್ದ. ಗೈಡ್ "ಏನಾದರೂ ಬೇಕಿದ್ದರೆ ಕೇಳು" ಎಂದವರೇ ತಮ್ಮ ಮಾನಿಟರ್‌ನತ್ತ ತಿರುಗಿದ್ದರು. ಇಷ್ಟು ಸಣ್ಣ ವಿಷಯಕ್ಕೆ ಅವರನ್ನು ಕರೆಯುವುದೇ ಎಂದು ಸುಮ್ಮನಾದ. ಪಂಪ್ ತಣ್ಣಗಿದ್ದಾಗ ಲಾಗರ್ ಕೋಣೆಯ ಉಷ್ಣತೆಯನ್ನು ಸರಿಯಾಗಿಯೇ ತೋರಿಸಿದ್ದರಿಂದ ಸಂಶಯವೂ ಅಡಗಿತು. ಥರ್ಮೋಕಪಲ್‌ನ ಎರಡು ತುದಿಗಳೂ, ಬೇರಿಂಗ್‌ನ ಕಡೆಯದೂ ಲಾಗರ್‌ನ ಕಡೆಯದೂ, ಒಂದೇ ಉಷ್ಣತೆಯಲ್ಲಿದ್ದರೆ ಯಾವ ಟೈಪ್ ಹಾಕಿದರೂ ರೀಡಿಂಗ್ ಅದೇ ಬರುತ್ತದೆ. ಶಾಖ ಏರಿದಂತೆ ತಪ್ಪೂ ಏರುತ್ತದೆ. ಇದು ಆತನಿಗೆ ಖಚಿತವಾದದ್ದು ಐದನೆಯ ವಾರ, ಎಲ್ಲರೂ ಊಟಕ್ಕೆ ಹೋಗಿದ್ದಾಗ, ಥರ್ಮೋಕಪಲ್‌ನ ತುದಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ನೋಡಿದ ಮೇಲೆ. 100ರ ಆಸುಪಾಸು ಬರಬೇಕಿದ್ದಲ್ಲಿ 83 ಬಂತು. ಆ 83ನ್ನು ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದು, ಅಳಿಸಿ, ಮತ್ತೆ ಬರೆದಿದ್ದ. ಅಳಿಸಿ ಅಳಿಸಿ ಕಾಗದ ಅಲ್ಲಿ ತೆಳ್ಳಗಾಗಿತ್ತು.

ಇಷ್ಟಕ್ಕೇ ನಿಂತಿದ್ದರೆ ಅದು ತಿಳಿಯದೆ ಆದ ತಪ್ಪು. ಆದರೆ ಆತ ಅದರ ನಂತರವೂ ಒಂದು ವಾರ ಜೆ ಸೆಟ್ಟಿಂಗ್‌ನಲ್ಲಿಯೇ ರೀಡಿಂಗ್ ತೆಗೆದಿದ್ದ. ಸೆಟ್ಟಿಂಗ್ ಸರಿಪಡಿಸಿದರೆ ಆ ದಿನದಿಂದ ಗ್ರಾಫ್ ಒಮ್ಮೆಲೇ ಮೇಲಕ್ಕೆ ಜಿಗಿಯುತ್ತದೆ, ಜಿಗಿದರೆ ಯಾರಾದರೂ ಏಕೆಂದು ಕೇಳುತ್ತಾರೆ ಎಂಬುದು ಆತನ ಭಯ. ಇದನ್ನು ಹೇಳುವಾಗ ಆತ ನನ್ನತ್ತ ನೋಡಲಿಲ್ಲ. ಪುಸ್ತಕ ಮುಚ್ಚಿಟ್ಟು ಹೀಗೆಂದ: "ಮೊದಲ ದಿನ ಕೇಳಿದ್ದರೆ ದಡ್ಡ ಅನ್ನುತ್ತಿದ್ದರು. ಈಗ ಹೇಳಿದರೆ ಕಳ್ಳ ಅನ್ನುತ್ತಾರೆ. ನಡುವೆ ಯಾವ ದಿನ ಕೇಳಬೇಕಿತ್ತು, ಮೇಡಂ?"

ಇಷ್ಟು ವರ್ಷಗಳಲ್ಲಿ ಈ ಸಂಕಟವನ್ನು ಇಷ್ಟು ನಿಖರವಾಗಿ ಹೇಳಿದವರನ್ನು ನಾನು ಕಂಡಿರಲಿಲ್ಲ. ಕೇಳದೆ ಕಳೆದ ಪ್ರತಿ ದಿನವೂ ಪ್ರಶ್ನೆಯನ್ನು ದುಬಾರಿಯಾಗಿಸುತ್ತದೆ, ದುಬಾರಿಯಾದಷ್ಟೂ ಅದು ಮತ್ತೆ ಮುಂದಕ್ಕೆ ಹೋಗುತ್ತದೆ. ಸಾಲಕ್ಕೆ ಬಡ್ಡಿ ಬೆಳೆಯುವುದೂ ಹೀಗೆಯೇ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ದಿನ ಕಳೆದುಹೋಗಿದೆ, ಉಳಿದ ದಿನಗಳಲ್ಲಿ ಅತಿ ಅಗ್ಗದ್ದು ನಾಳೆ ಎಂದೆ. ಆತ ಅಷ್ಟಕ್ಕೆ ಸಮಾಧಾನಗೊಳ್ಳಲಿಲ್ಲ. ಅಳತೆಯ ಮಾನ ತಪ್ಪಿ 1999ರಲ್ಲಿ ನಾಸಾ ಕಳೆದುಕೊಂಡ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆಯನ್ನು ತಾನೇ ಎತ್ತಿಕೊಂಡು, ತನ್ನಂಥವರಿಂದಲೇ ಹಾಗಾಗುವುದು ಎಂದ. ಒಂದು ಕಡೆ ಪೌಂಡ್-ಫೋರ್ಸ್ ಲೆಕ್ಕ, ಇನ್ನೊಂದು ಕಡೆ ನ್ಯೂಟನ್ ಲೆಕ್ಕ ಎಂಬಷ್ಟನ್ನು ಎಲ್ಲ ವಿದ್ಯಾರ್ಥಿಗಳೂ ಓದಿರುತ್ತಾರೆ. ಪಥದ ಲೆಕ್ಕದಲ್ಲಿ ಏನೋ ಹೊಂದುತ್ತಿಲ್ಲ ಎಂದು ನೌಕೆಯ ಪಥ ನೋಡಿಕೊಳ್ಳುತ್ತಿದ್ದವರಿಗೆ ಮೊದಲೇ ಅನ್ನಿಸಿತ್ತು, ಆದರೆ ಆ ಸಂಶಯ ನಿಗದಿತ ದಾರಿಯಲ್ಲಿ ದಾಖಲಾಗಿ ಮೇಲಕ್ಕೆ ಹೋಗಲಿಲ್ಲ ಎಂಬ ತನಿಖೆಯ ಭಾಗವನ್ನು ಯಾರೂ ನೆನಪಿಡುವುದಿಲ್ಲ. ಅದನ್ನೇ ಆತನಿಗೆ ಹೇಳಿದೆ.

ಬಳಿಕ ನಾನು ಕೊಟ್ಟ ಸಲಹೆ ನೇರವಾಗಿತ್ತು. ಮರುದಿನ ಬೆಳಗ್ಗೆ ಗೈಡ್‌ನ ಹದಿನೈದು ನಿಮಿಷ ಸಮಯ ಕೇಳಿ, ಎದುರು ಕುಳಿತು ಹೇಳಬೇಕು; ಮೊದಲು ಆದದ್ದೇನು, ಬಳಿಕ ಅದು ತನಗೆ ತಿಳಿದದ್ದು ಯಾವಾಗ, ತಿಳಿದ ಮೇಲಿನ ಆ ಒಂದು ವಾರವನ್ನೂ ಬಿಡದೆ. ಕ್ಷಮೆಯಿಂದ ಮಾತು ಆರಂಭಿಸಬಾರದು, ಏಕೆಂದರೆ ಕ್ಷಮೆ ಮೊದಲು ಬಂದರೆ ಎದುರಿನವರು ಸಮಾಧಾನಪಡಿಸಲು ತೊಡಗುತ್ತಾರೆ, ಅಸಲು ವಿಷಯ ಅರ್ಧಕ್ಕೇ ನಿಲ್ಲುತ್ತದೆ. ಸರಿಪಡಿಸುವ ದಾರಿ ಇದ್ದರೆ ಅದನ್ನೂ ಒಯ್ಯಬೇಕು ಎಂದಾಗ ಆತ ಪುಸ್ತಕದ ಕೊನೆಯ ಪುಟ ತೆರೆದ. ತಪ್ಪು ರೀಡಿಂಗನ್ನು ಜೆ ಟೈಪ್‌ನ ಕೋಷ್ಟಕದಿಂದ ಮತ್ತೆ ವೋಲ್ಟೇಜ್‌ಗೆ ಇಳಿಸಿ, ಕೋಣೆಯ ಉಷ್ಣತೆಯನ್ನು ಲೆಕ್ಕಕ್ಕೆ ಹಿಡಿದು, ಕೆ ಟೈಪ್‌ನ ಕೋಷ್ಟಕದಲ್ಲಿ ಓದಿದರೆ ನಿಜವಾದ ಉಷ್ಣತೆ ಸಿಗುತ್ತದೆ. ಇಡೀ ಒಂದು ಪುಟ ಹಾಗೆ ಲೆಕ್ಕಹಾಕಿ ಬಚ್ಚಿಟ್ಟಿದ್ದ! ತಾನು ಅಯೋಗ್ಯ ಎಂದು ಎರಡು ಭೇಟಿಗಳಲ್ಲಿ ನನ್ನೊಡನೆ ವಾದಿಸಿದವನು ಈತನೇ.

ಸಹೋದ್ಯೋಗಿಯ ಆಕ್ಷೇಪ ಹೀಗಿತ್ತು: ಆಪ್ತಸಲಹೆಗಾರರು ದಾರಿ ತೋರಿಸಬಾರದು, ಬಂದವರು ತಾವೇ ಆ ನಿರ್ಧಾರಕ್ಕೆ ತಲುಪಲು ಬಿಡಬೇಕು. ಯಾವ ವೃತ್ತಿ ಹಿಡಿಯಬೇಕು, ಯಾವ ಸಂಬಂಧ ಉಳಿಸಿಕೊಳ್ಳಬೇಕು ಎಂಬಂಥ ವಿಷಯಗಳಲ್ಲಿ ನಾನೂ ಇದನ್ನೇ ಪಾಲಿಸುತ್ತೇನೆ. ಇಲ್ಲಿ ಮಾತ್ರ ತಪ್ಪಿನ ದಿಕ್ಕೇ ನನ್ನನ್ನು ತಡೆಯಿತು. ರೀಡಿಂಗ್ ಇದ್ದುದಕ್ಕಿಂತ ಕಡಿಮೆ ಬರುತ್ತಿತ್ತು, ಎಂದರೆ ಬೇರಿಂಗ್ ನಿಜಕ್ಕಿಂತ ತಂಪಾಗಿದೆ ಎಂದು ವರದಿ ಹೇಳುತ್ತಿತ್ತು. ಗ್ರೀಸ್ ಯಾವುದು ಹಾಕಬೇಕು, ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು ಎಂದು ನಿರ್ಧರಿಸುವವರು ಆ ಅಂಕಿಗಳನ್ನು ನಂಬುತ್ತಾರೆ. ನಾಳೆ ಆ ಪಂಪ್‌ನ ಪಕ್ಕದಲ್ಲಿ ನಿಲ್ಲುವ ವ್ಯಕ್ತಿ ನನ್ನ ಕೋಣೆಗೆ ಬಂದಿಲ್ಲ, ಆದರೂ ಈ ಮಾತುಕತೆಯಲ್ಲಿ ಅವನಿಗೂ ಪಾಲಿದೆ. ಪಂಪ್ ಇನ್ನೂ ಪರೀಕ್ಷೆಯ ಹಂತದಲ್ಲಿತ್ತು, ತಕ್ಷಣದ ಅಪಾಯ ಯಾರಿಗೂ ಇರಲಿಲ್ಲ. ಆದ್ದರಿಂದ ಗೋಪ್ಯತೆ ಮುರಿದು ನಾನು ಯಾರಿಗೂ ಏನನ್ನೂ ತಿಳಿಸಲಿಲ್ಲ. ಆದರೆ ನನ್ನ ಅಭಿಪ್ರಾಯವನ್ನು ಆತನಿಂದ ಮುಚ್ಚಿಡುವುದು ನನಗೆ ತಟಸ್ಥತೆ ಎನಿಸಲಿಲ್ಲ.

ಹಾಗೆಂದು ಹೊಣೆಯನ್ನೆಲ್ಲ ಹುಡುಗನ ತಲೆಗೆ ಕಟ್ಟಲಾರೆ. ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ತಂಡಗಳನ್ನು ಅಧ್ಯಯನ ಮಾಡಿದಾಗ, ಉತ್ತಮವೆನಿಸಿದ ತಂಡಗಳಲ್ಲಿಯೇ ಹೆಚ್ಚು ತಪ್ಪುಗಳು ದಾಖಲಾಗಿದ್ದುದನ್ನು ಕಂಡರು. ಆ ತಂಡಗಳಲ್ಲಿ ತಪ್ಪನ್ನು ಹೇಳಿಕೊಳ್ಳುವುದು ಸುಲಭವಾಗಿತ್ತು ಎಂಬುದು ಅವರು ಕೊಟ್ಟ ವಿವರಣೆ. "ಬೇಕಿದ್ದರೆ ಕೇಳು" ಎಂದು ಮಾನಿಟರ್‌ನತ್ತ ತಿರುಗುವ ಗೈಡ್ ಕೇಳುವುದನ್ನು ಸುಲಭ ಮಾಡಿಲ್ಲ. ದಿನಕ್ಕೆ ಹತ್ತು ನಿಮಿಷ ಗೊತ್ತುಮಾಡಿ, ಇವತ್ತು ಏನು ಅರ್ಥವಾಗಲಿಲ್ಲ ಎಂದು ಅವರೇ ಕೇಳಿದ್ದರೆ ಎರಡನೆಯ ದಿನವೇ ಇದು ಮುಗಿಯುತ್ತಿತ್ತು. ಸಂಸ್ಥೆಗಳು ಇದನ್ನು ಮಾಡುವವರೆಗೆ ನಾನು ಇಂಟರ್ನ್‌ಶಿಪ್‌ಗೆ ಹೊರಟವರಿಗೆ ಹೇಳುವುದು: ಮೊದಲ ವಾರದಲ್ಲಿ ದಿನಕ್ಕೊಂದಾದರೂ ಸಣ್ಣ ಪ್ರಶ್ನೆಯನ್ನು ಕೇಳಿಯೇ ತೀರಿ. ಆ ವಾರ ನಿಮ್ಮಿಂದ ಯಾರೂ ಜಾಣತನವನ್ನು ನಿರೀಕ್ಷಿಸುವುದಿಲ್ಲ, ಆ ರಿಯಾಯಿತಿ ಮತ್ತೆ ಸಿಗುವುದೂ ಇಲ್ಲ.

ಆತ ಮರುದಿನ ಹೋಗಲಿಲ್ಲ, ಅದರ ಮರುದಿನ ಹೋದ. ಗೈಡ್ ಬಹಳ ಹೊತ್ತು ಮಾತಾಡದೆ, ಕೊನೆಗೆ "ಆ ದಿನಗಳ ಕೋಣೆಯ ಉಷ್ಣತೆ ಬರೆದಿಟ್ಟಿದ್ದೀಯಾ?" ಎಂದಷ್ಟೇ ಕೇಳಿದರಂತೆ. ಬರೆದಿಟ್ಟಿದ್ದ. ಇಬ್ಬರೂ ಸೇರಿ ಎರಡು ದಿನ ಲೆಕ್ಕ ಸರಿಪಡಿಸಿದರು. ತಿಳಿದ ಮೇಲಿನ ಆ ಒಂದು ವಾರದ ಬಗ್ಗೆ ಮಾತ್ರ ಗೈಡ್ ಕಟುವಾಗಿ ಮಾತಾಡಿದರು, ಪ್ರಮಾಣಪತ್ರದ ಜೊತೆಗೆ ಕೊಡುವೆನೆಂದಿದ್ದ ಶಿಫಾರಸು ಪತ್ರವನ್ನು ಕೊಡಲಿಲ್ಲ.

ಆ ಪತ್ರ ಕೈತಪ್ಪಬಹುದು ಎಂದು ನಾನು ಆತನಿಗೆ ಮೊದಲೇ ಹೇಳಿರಲಿಲ್ಲ. ಹೇಳಿದ್ದರೆ ಹೋಗುತ್ತಿರಲಿಲ್ಲವೇನೋ ಎಂಬ ಅಳುಕು ನನಗಿತ್ತು. ಕೊನೆಯ ಭೇಟಿಯಲ್ಲಿ ಆತ ಕೇಳಿದ: "ಹೀಗಾಗಬಹುದು ಅಂತ ನಿಮಗೆ ಅನ್ನಿಸಿತ್ತಾ, ಮೇಡಂ?" ಅನ್ನಿಸಿತ್ತು ಎಂದು ಒಪ್ಪಿಕೊಂಡೆ. ಏಕೆ ಹೇಳಲಿಲ್ಲ ಎಂದು ಆತ ಮುಂದುವರಿದು ಕೇಳಲಿಲ್ಲ, ನಾನೇ ಹೇಳಿದೆ.